ಹಬ್ಬದ ಉಡುಗೊರೆಯಲ್ಲಿ ಕಸುಬುದಾರನ ಪಾಲೆಷ್ಟು?

ಹಬ್ಬ ಬಂತೆಂದು ಇಂದು ನಮಗೆ ಮೊದಲು ಸಾರುವುದು ಚಂದ್ರನೂ ಅಲ್ಲ, ಪಂಚಾಂಗವೂ ಅಲ್ಲ. ಪತ್ರಿಕೆಯ ಮುಖಪುಟವನ್ನು ಪೂರ್ತಿಯಾಗಿ ನುಂಗಿ ಹಾಕಿದ ಜಾಹೀರಾತು. ರಮಝಾನ್ ಸೇಲ್, ದಸರಾ ಧಮಾಕಾ, ದೀಪಾವಳಿ ಬಂಪರ್, ಕ್ರಿಸ್‌ಮಸ್ ಆಫರ್ - ಹೆಸರುಗಳು ಬೇರೆ ಬೇರೆ, ಸರಕು ಮಾತ್ರ ಒಂದೇ. ಅದೇ ಗೋದಾಮು, ಅದೇ ಪ್ಲಾಸ್ಟಿಕ್, ಅದೇ ಮಿರುಗುವ ಕಾಗದ. ಧರ್ಮದ ಹೆಸರಿನಲ್ಲಿ ಪರಸ್ಪರ ಮುಖ ನೋಡಲೂ ಒಲ್ಲದ ಜನ ಮಾಲ್‌ನ ಬಿಲ್ಲಿಂಗ್ ಕೌಂಟರಿನ ಮುಂದೆ ಒಂದೇ ಸಾಲಿನಲ್ಲಿ ಶಿಸ್ತಾಗಿ ನಿಂತಿರುತ್ತಾರೆ. ನಮ್ಮ ಕಾಲದ ನಿಜವಾದ ಸರ್ವಧರ್ಮ ಸಮನ್ವಯ ಅಲ್ಲಿಯೇ ನಡೆಯುತ್ತಿದೆ!

ಉಡುಗೊರೆ ಕೊಡುವುದು ತಪ್ಪೆಂದು ಯಾರೂ ಹೇಳುವುದಿಲ್ಲ. ಕೊಡುವುದರಿಂದ ಸಂಬಂಧ ಬೆಳೆಯುತ್ತದೆ, ಮಗುವಿನ ಮುಖ ಅರಳುತ್ತದೆ. ಆದರೆ ಉಡುಗೊರೆ ಎಂದೊಡನೆ ನಮಗೆ ಕಾಣುವುದು ಇಬ್ಬರೇ: ಕೊಟ್ಟವರು ಮತ್ತು ಪಡೆದವರು. ಅದನ್ನು ಮಾಡಿದ ಮೂರನೆಯವರು ಎಲ್ಲಿ ಹೋದರು? ಹಬ್ಬದ ತಿಂಗಳಲ್ಲಿ ನಾವು ಕೈಬಿಚ್ಚಿ ಖರ್ಚು ಮಾಡುವ ಹಣದಲ್ಲಿ ನಮ್ಮದೇ ಜಿಲ್ಲೆಯ, ನಮ್ಮದೇ ಊರಿನ ದುಡಿಯುವ ಕೈಗೆ ಎಷ್ಟು ಸೇರುತ್ತದೆ? ಈ ಪ್ರಶ್ನೆಯನ್ನು ಕೇಳದೆ ಕೊಂಡ ಉಡುಗೊರೆ ಎಷ್ಟೇ ದುಬಾರಿಯಾಗಿದ್ದರೂ ಅರ್ಧ ಉಡುಗೊರೆ ಮಾತ್ರ.

ನವಲಗುಂದದ ಹಾಸು

ಒಂದು ಉದಾಹರಣೆ ನೋಡೋಣ. ರಮಝಾನ್ ಬಂದಾಗ ಬಂಧುಗಳಿಗೆ, ಹಿರಿಯರಿಗೆ, ಮಸೀದಿಗೆ ಜಾನಮಾಜ್, ಅಂದರೆ ನಮಾಝಿನ ಹಾಸು ಕೊಡುವ ರೂಢಿ ನಮ್ಮಲ್ಲಿದೆ. ಇಂದು ಪೇಟೆಯಲ್ಲಿ ರಾಶಿ ಬಿದ್ದಿರುವ ಹಾಸುಗಳನ್ನು ಮುಟ್ಟಿ ನೋಡಿ. ಬಹುಪಾಲು ಯಂತ್ರದಲ್ಲಿ ನೇಯ್ದ ಪಾಲಿಯೆಸ್ಟರ್. ಗುಂಬಜು, ಮಿನಾರದ ಚಿತ್ರವಿದ್ದರೆ ಸಾಕು, ಅದು ಎಲ್ಲಿಂದ ಬಂತು, ಯಾರು ನೇಯ್ದರು ಎಂದು ಕೇಳುವವರಿಲ್ಲ.

ಧಾರವಾಡ ಜಿಲ್ಲೆಯ ನವಲಗುಂದದಲ್ಲಿ ಮುಸ್ಲಿಂ ಮಹಿಳೆಯರು ತಲೆತಲಾಂತರದಿಂದ ಹತ್ತಿಯ ಜಮಖಾನೆ ನೇಯುತ್ತಾ ಬಂದಿದ್ದಾರೆ. ಆದಿಲ್‌ಶಾಹಿಗಳ ಬಿಜಾಪುರದಿಂದ ವಲಸೆ ಬಂದ ನೇಕಾರ ಕುಟುಂಬಗಳು ಈ ಕಲೆಯನ್ನು ತಂದವೆಂಬುದು ಅಲ್ಲಿಯ ಪ್ರತೀತಿ. ಮನೆಯೊಳಗೆ ಗೋಡೆಗೆ ಎದುರಾಗಿ ನಿಲ್ಲಿಸಿದ ಮಗ್ಗ, ಅದರ ಮುಂದೆ ಕುಳಿತ ಹೆಣ್ಣುಮಕ್ಕಳು, ಬಣ್ಣದ ನೂಲಿನಲ್ಲಿ ಎಳೆಎಳೆಯಾಗಿ ಮೂಡುವ ನವಿಲು ಮತ್ತು ಪಗಡೆಯ ವಿನ್ಯಾಸ. ಈ ಜಮಖಾನೆಗೆ 2011ರಲ್ಲಿ ಭೌಗೋಳಿಕ ಸೂಚಕದ ಮಾನ್ಯತೆ ದೊರೆಯಿತು. ಇಲ್ಲಿ ಗಮನಿಸಬೇಕಾದ ಸಂಗತಿಯೆಂದರೆ, ನವಲಗುಂದದ ಮಗ್ಗಗಳಲ್ಲಿ ನೇಯುವ ಬಗೆಗಳಲ್ಲಿ ಜಾನಮಾಜ್ ಕೂಡಾ ಒಂದು. ಆದರೂ ಇಂದು ಈ ಕಸುಬಿನಲ್ಲಿ ಉಳಿದಿರುವುದು ಕೆಲವೇ ಕುಟುಂಬಗಳು. ದಿನಗಟ್ಟಲೆ ಮಗ್ಗದ ಮುಂದೆ ಕುಳಿತರೂ ಸಿಗುವ ಕೂಲಿ ಸಂಸಾರಕ್ಕೆ ಸಾಲದಿದ್ದರೆ ಮಗಳಿಗೆ ಯಾವ ತಾಯಿ ತಾನೇ ಈ ಕೆಲಸ ಕಲಿಸಿಯಾಳು?

ಈಗ ನಮ್ಮ ನಡವಳಿಕೆಯನ್ನು ತೂಗಿ ನೋಡಿ. ಈದ್ ನಮಾಝಿಗೆ ಹೊರಡುವ ಮುನ್ನ ನಾವು ತಪ್ಪದೆ ಫಿತ್ರ್ ಝಕಾತ್ ಕೊಡುತ್ತೇವೆ. ಹಬ್ಬದ ದಿನ ಯಾರೂ ಹಸಿದಿರಬಾರದು, ಬಡವನೂ ಸಂಭ್ರಮದಲ್ಲಿ ಪಾಲುದಾರನಾಗಬೇಕು ಎಂಬುದು ಅದರ ಆಶಯ. ಅಕ್ಕಿಯನ್ನು ಕಿಲೋ ಲೆಕ್ಕದಲ್ಲಿ ಅಳೆದು ಕೊಡುವ ನಾವೇ ಅದೇ ವಾರ ಸಾವಿರಾರು ರೂಪಾಯಿಯನ್ನು ಗುರುತು ಪರಿಚಯವಿಲ್ಲದ ಕಾರ್ಖಾನೆಯ ಸರಕಿಗೆ ಸುರಿಯುತ್ತೇವೆ. ಆ ಹಣದ ಒಂದಂಶ ನೇಯುವ ಹೆಣ್ಣುಮಗಳಿಗೆ ದುಡಿಮೆಯ ಬೆಲೆಯಾಗಿ ಸಂದಿದ್ದರೆ ಅವಳು ಫಿತ್ರ್‌ಗಾಗಿ ಕಾಯಬೇಕಾದ ಪ್ರಸಂಗವೇ ಬರುತ್ತಿರಲಿಲ್ಲ. ಕೆಲಸ ಕಸಿದು ದಾನ ಕೊಡುವುದು ಯಾವ ಸೀಮೆಯ ಔದಾರ್ಯ?

ದಾರಿ ತಪ್ಪಿದ ಗೊಂಬೆಯೂರು

ಮಕ್ಕಳ ಉಡುಗೊರೆಯ ಕತೆಯೂ ಬೇರೆಯಲ್ಲ. ಚನ್ನಪಟ್ಟಣದ ಗೊಂಬೆಯ ಬಗ್ಗೆ ಭಾಷಣ ಮಾಡದ ಮಂತ್ರಿ ಇಲ್ಲ. ಟಿಪ್ಪು ಸುಲ್ತಾನನ ಕಾಲದಲ್ಲಿ ಪರ್ಷಿಯಾದ ಕುಶಲಿಗಳಿಂದ ಬಂದ ವಿದ್ಯೆ ಎಂದು ಜನ ನಂಬುವ ಈ ಕಸುಬಿನಲ್ಲಿ ಇಂದಿಗೂ ಮುಸ್ಲಿಂ ಕುಟುಂಬಗಳು ದೊಡ್ಡ ಸಂಖ್ಯೆಯಲ್ಲಿವೆ. ಬಿಳುಪಾದ, ಮೃದುವಾದ ಆಲೆಮರವನ್ನು ಒಣಗಿಸಿ, ಲೇತ್‌ಗೆ ಕೊಟ್ಟು ಕಡೆಯುತ್ತಾರೆ. ತಿರುಗುತ್ತಿರುವ ಮರಕ್ಕೆ ಬಣ್ಣದ ಅರಗಿನ ಕಡ್ಡಿ ಒತ್ತಿದಾಗ ಉಜ್ಜುವಿಕೆಯ ಬಿಸಿಗೆ ಅರಗು ಕರಗಿ ಮೈಗೆ ಹತ್ತುತ್ತದೆ. ಅದರ ಮೇಲೆ ತಾಳೆಗರಿಯಿಂದ ತಿಕ್ಕಿದರೆ ಹೊಳಪು. ಮಗು ಬಾಯಿಗಿಟ್ಟರೂ ತಾಯಿ ಹೆದರಬೇಕಾಗಿಲ್ಲದಂತೆ ಅರಿಶಿನದಂಥ ಸಸ್ಯಮೂಲದ ಬಣ್ಣಗಳಲ್ಲಿ ಮಾಡುವವರೂ ಅಲ್ಲಿದ್ದಾರೆ. ಜಗತ್ತಿನ ದೊಡ್ಡ ಆಟಿಕೆ ಕಂಪೆನಿಯಾದ ಮ್ಯಾಟೆಲ್ 2007ರಲ್ಲಿ ಸೀಸ ಬೆರೆತ ಬಣ್ಣದ ಕಾರಣಕ್ಕೆ ಲಕ್ಷಗಟ್ಟಲೆ ಆಟಿಕೆಗಳನ್ನು ಅಂಗಡಿಗಳಿಂದ ಹಿಂದಕ್ಕೆ ಪಡೆಯಬೇಕಾಗಿ ಬಂದುದನ್ನು ಇಲ್ಲಿ ನೆನಪಿಸಿಕೊಳ್ಳಬೇಕು.

ಇಂಥ ಊರಿಗೆ ನಾವು ಕೊಟ್ಟದ್ದೇನು? 2023ರ ಮಾರ್ಚ್‌ನಲ್ಲಿ ಬೆಂಗಳೂರು-ಮೈಸೂರು ಎಕ್ಸ್‌ಪ್ರೆಸ್‌ವೇ ಉದ್ಘಾಟನೆಯಾಯಿತು. ಪ್ರಯಾಣದ ಸಮಯ ಉಳಿಯಿತು. ಆದರೆ ರಸ್ತೆ ಚನ್ನಪಟ್ಟಣವನ್ನು ಹೊರಗಿಟ್ಟು ಬಳಸಿ ಹೋಯಿತು. ಹಳೆಯ ಹೆದ್ದಾರಿಯ ಬದಿಯಲ್ಲಿ ಕಾರು ನಿಲ್ಲಿಸಿ ಮಗುವಿಗೆ ಒಂದು ತಿರುಗಣಿ, ಒಂದು ಗಿಲಕಿ ಕೊಳ್ಳುತ್ತಿದ್ದ ಗಿರಾಕಿ ಈಗ ಬೇಲಿಯಾಚೆ ನೂರು ಕಿಲೋಮೀಟರ್ ವೇಗದಲ್ಲಿ ಹಾದು ಹೋಗುತ್ತಾನೆ. ಸಂಜೆ ಮನೆಗೆ ಹೋಗಿ ಮೊಬೈಲಿನಲ್ಲಿ ಬೆರಳಾಡಿಸಿ ಪ್ಲಾಸ್ಟಿಕ್ ಬಂದೂಕು ತರಿಸುತ್ತಾನೆ.

"ಚೀನಾ ಆಟಿಕೆಯನ್ನು ಸರಕಾರ ತಡೆದಿದೆಯಲ್ಲ" ಎನ್ನುವವರಿದ್ದಾರೆ. ನಿಜ. ಆಟಿಕೆಗಳ ಮೇಲಿನ ಆಮದು ಸುಂಕ 2020ರಲ್ಲಿ ಶೇ.20ರಿಂದ ಶೇ.60ಕ್ಕೆ, 2023ರಲ್ಲಿ ಶೇ.70ಕ್ಕೆ ಏರಿತು. 2021ರ ಜನವರಿಯಿಂದ ಗುಣಮಟ್ಟದ ಮುದ್ರೆ ಕಡ್ಡಾಯವಾಯಿತು. 2018-19ಕ್ಕೆ ಹೋಲಿಸಿದರೆ 2021-22ರ ಹೊತ್ತಿಗೆ ಆಟಿಕೆ ಆಮದು ಶೇ.70ರಷ್ಟು ಕುಸಿಯಿತೆಂದು ಸರಕಾರವೇ ಲೆಕ್ಕ ಕೊಟ್ಟಿದೆ. ಆದರೆ ಆ ಜಾಗಕ್ಕೆ ಚನ್ನಪಟ್ಟಣದ ಗೊಂಬೆ ತಾನಾಗಿ ಬಂದು ಕೂರುವುದಿಲ್ಲ. ದೇಶದೊಳಗಿನ ಪ್ಲಾಸ್ಟಿಕ್ ಅಚ್ಚಿನ ಕಾರ್ಖಾನೆಗೂ ಅದೇ ಸುಂಕದ ರಕ್ಷಣೆಯಿದೆ. ಡಬ್ಬಿಯ ಮೇಲಿನ ದೇಶದ ಹೆಸರು ಬದಲಾದ ಮಾತ್ರಕ್ಕೆ ಕೊಳ್ಳುಬಾಕತನ ಸ್ವದೇಶಿಯಾಗುವುದಿಲ್ಲ. ಮುರಿದರೆ ಎಸೆ, ಎಸೆದರೆ ಕೊಳ್ಳು ಎಂಬ ತತ್ವ ಬೀಜಿಂಗಿನಿಂದ ಬಂದರೂ ಒಂದೇ, ನೋಯ್ಡಾದಿಂದ ಬಂದರೂ ಒಂದೇ.

ಅಗ್ಗದ ತರ್ಕ

ಇನ್ನೊಂದು ವಾದವಿದೆ: "ಕೈಯಲ್ಲಿ ಮಾಡಿದ್ದು ದುಬಾರಿ. ಬಡವರು ಎಲ್ಲಿಂದ ಕೊಂಡಾರು?" ಈ ಮಾತನ್ನು ಹೇಳುವವರು ಸಾಮಾನ್ಯವಾಗಿ ಬಡವರಲ್ಲ ಎಂಬುದೇ ವಿಶೇಷ. ಮೂರು ಮಕ್ಕಳಿಗೆ ಹೊಸಬಟ್ಟೆ ಹೊಂದಿಸಲು ಸಾಲ ಮಾಡುವ ತಾಯಿಗೆ ಕೈಮಗ್ಗದ ಉಪದೇಶ ಮಾಡುವಷ್ಟು ಕಲ್ಲೆದೆ ಯಾರಿಗೂ ಇರಬಾರದು. ಅವಳು ಸಿಕ್ಕಿದ್ದನ್ನು ಕೊಳ್ಳಲಿ, ಅದು ಅವಳ ಹಕ್ಕು. ಪ್ರಶ್ನೆ ಇರುವುದು ಒಂದೇ ಹಬ್ಬಕ್ಕೆ ಹತ್ತು ಪೊಟ್ಟಣ ತರಿಸುವವರಿಗೆ. ಹತ್ತು ಅಗ್ಗದ ವಸ್ತುಗಳ ಹಣಕ್ಕೆ ಎರಡು ಒಳ್ಳೆಯ ವಸ್ತು ಬರುತ್ತದೆ, ಅವು ಹತ್ತು ವರ್ಷ ಬಾಳುತ್ತವೆ. ಉಳಿದ ಎಂಟು ಹೇಗೂ ಮುಂದಿನ ಹಬ್ಬದ ಹೊತ್ತಿಗೆ ಪೌರಕಾರ್ಮಿಕನ ಗಾಡಿಯಲ್ಲಿರುತ್ತವೆ.

ಅಗ್ಗ ಎಂಬುದು ಆಕಾಶದಿಂದ ಉದುರುವುದಿಲ್ಲ. ಎಲ್ಲೋ ಒಬ್ಬರ ಕೂಲಿಯನ್ನು, ಮತ್ತೊಬ್ಬರ ನಿದ್ದೆಯನ್ನು ಕತ್ತರಿಸಿಯೇ ಬೆಲೆ ಇಳಿಸಬೇಕು. 2014ರ ಅಕ್ಟೋಬರ್‌ನಲ್ಲಿ ಫ್ಲಿಪ್‌ಕಾರ್ಟ್ ತನ್ನ 'ಬಿಗ್ ಬಿಲಿಯನ್ ಡೇ' ನಡೆಸಿದಂದಿನಿಂದ ಹಬ್ಬದ ಮುನ್ನಾದಿನಗಳೆಂದರೆ ರಿಯಾಯಿತಿಯ ಬೇಟೆ ಎಂದಾಗಿದೆ. ಎಷ್ಟು ಬೇಕು ಎಂಬುದಕ್ಕಿಂತ ಎಷ್ಟು ಉಳಿಯಿತು ಎಂಬುದೇ ಮುಖ್ಯ. ಬೇಡದ್ದನ್ನು ಅರ್ಧ ಬೆಲೆಗೆ ಕೊಂಡು 'ಉಳಿತಾಯ'ವೆಂದು ಹಿಗ್ಗುವ ಈ ವಿಚಿತ್ರ ಗಣಿತಕ್ಕೆ ನಮ್ಮ ಹಿರಿಯರು ದುಂದು ಎಂದು ಹೆಸರಿಟ್ಟಿದ್ದರು. ಇಸ್ರಾಫ್ ಎಂಬ ಪದವನ್ನು ಮಿಂಬರಿನಿಂದ ಕೇಳಿ ತಲೆದೂಗುವವರ ಮನೆಯ ಅಟ್ಟವನ್ನೊಮ್ಮೆ ಹತ್ತಿ ನೋಡಬೇಕು!

ಇನ್ನು ಮೋಸದ ಮಾತು. ಇಳಕಲ್ ಸೀರೆಯ ಒಡಲು ಮತ್ತು ಸೆರಗಿನ ಹಾಸುನೂಲುಗಳನ್ನು ಕೊಂಡಿ ಹಾಕಿ ಜೋಡಿಸಬೇಕು. ತಾಳ್ಮೆ ಬೇಡುವ ಕೆಲಸವದು. ಅದೇ ಅಂಚು, ಅದೇ ಸೆರಗಿನ ನಕಲನ್ನು ಪವರ್‌ಲೂಮ್ ಕೃತಕ ನೂಲಿನಲ್ಲಿ ಹೊರಹಾಕುತ್ತದೆ. ಅಂಗಡಿಯವನು ಅದನ್ನೂ 'ಇಳಕಲ್' ಎಂದೇ ಮಾರುತ್ತಾನೆ. ಕೆಲವು ಬಗೆಯ ಬಟ್ಟೆಗಳನ್ನು ಕೈಮಗ್ಗಕ್ಕೆ ಮೀಸಲಿಡುವ ಕಾನೂನು 1985ರಲ್ಲೇ ಬಂದಿದೆ. ಮೊದಲು 22 ಬಗೆಗಳಿದ್ದ ಪಟ್ಟಿ ಆಮೇಲೆ 11ಕ್ಕೆ ಇಳಿಯಿತು. ಉಳಿದದ್ದನ್ನಾದರೂ ಕಾಯುವವರು ಯಾರು? ಕೊಳ್ಳುವವನೇ ಬಾಯಿ ಬಿಟ್ಟು ಕೇಳಬೇಕು: ಇದು ಕೈಮಗ್ಗವೇ? ಎಲ್ಲಿ ನೇಯ್ದದ್ದು? ಹೀಗೆ ಕೇಳುವ ಗಿರಾಕಿಗಳು ಹೆಚ್ಚಿದರೆ ಸುಳ್ಳು ಹೇಳುವ ಧೈರ್ಯ ತಾನಾಗಿ ಕುಗ್ಗುತ್ತದೆ.

ಸರಕಾರದ ಒಂದು ಕೈ, ಇನ್ನೊಂದು ಕೈ

ಕೊಳ್ಳುವವರ ಮೇಲೆಯೇ ಎಲ್ಲ ಹೊರೆ ಹೊರಿಸಿ ಸರಕಾರವನ್ನು ಬಿಟ್ಟುಬಿಡುವುದು ನ್ಯಾಯವಲ್ಲ. 2017ರಲ್ಲಿ ಜಿಎಸ್‌ಟಿ ಬಂದಾಗ ಕೈಯಿಂದ ಮಾಡಿದ ವಸ್ತುಗಳ ಮೇಲೂ ತೆರಿಗೆ ಬಿತ್ತು. ರಂಗಕರ್ಮಿ ಪ್ರಸನ್ನ ಅವರು ಕರ ನಿರಾಕರಣೆಯ ಸತ್ಯಾಗ್ರಹಕ್ಕಿಳಿದರು, ಉಪವಾಸ ಕುಳಿತರು. ಅವರು ಹೆಗ್ಗೋಡಿನ ಬಳಿ ಕಟ್ಟಿದ ಮಹಿಳೆಯರ 'ಚರಕ' ಸಹಕಾರ ಸಂಘ ಕೈಮಗ್ಗದ ಬಟ್ಟೆಗೆ ನಾಡಿನಾದ್ಯಂತ ಗೌರವ ತಂದ ಸಂಸ್ಥೆ. ಕೊರೋನಾದ ಹೊಡೆತಕ್ಕೆ 2020ರಲ್ಲಿ ಅದೂ ನೆಲಕಚ್ಚುವ ಸ್ಥಿತಿಗೆ ಬಂತು. ಅದೇ ವರ್ಷ ಪ್ರಧಾನಿ 'ವೋಕಲ್ ಫಾರ್ ಲೋಕಲ್' ಎಂದು ಕರೆಕೊಟ್ಟರು. ಅದೇ ವರ್ಷದ ಜುಲೈ-ಆಗಸ್ಟ್‌ನಲ್ಲಿ ಅಖಿಲ ಭಾರತ ಕೈಮಗ್ಗ ಮಂಡಳಿ ಮತ್ತು ಕರಕುಶಲ ಮಂಡಳಿಗಳನ್ನು ಕೇಂದ್ರ ಸರಕಾರ ರದ್ದು ಮಾಡಿತು. ಬಾಯಲ್ಲಿ ಲೋಕಲ್, ಕಡತದಲ್ಲಿ ವಿಸರ್ಜನೆ! 2025ರ ಸೆಪ್ಟೆಂಬರ್‌ನಲ್ಲಿ ಅನೇಕ ಕರಕುಶಲ ವಸ್ತುಗಳ ತೆರಿಗೆ ಶೇ.12ರಿಂದ ಶೇ.5ಕ್ಕೆ ಇಳಿದದ್ದು ಸ್ವಾಗತಾರ್ಹ. ಆದರೆ ಅಷ್ಟು ಹೊತ್ತಿಗೆ ಮಗ್ಗ ಮಾರಿ ಹೋದವರನ್ನು ವಾಪಸು ಕರೆತರುವವರು ಯಾರು?

'ಸ್ಥಳೀಯ' ಎಂಬ ಪದವನ್ನು ವಿಷವಾಗಿಸುವ ಪ್ರಯತ್ನದ ಬಗ್ಗೆಯೂ ಎಚ್ಚರ ಬೇಕು. 2022ರ ಮಾರ್ಚ್‌ನಲ್ಲಿ ಉಡುಪಿ ಜಿಲ್ಲೆಯ ಕಾಪು ಮಾರಿಗುಡಿಯ ಜಾತ್ರೆಯಲ್ಲಿ ಮುಸ್ಲಿಂ ವ್ಯಾಪಾರಿಗಳಿಗೆ ಅಂಗಡಿ ನಿರಾಕರಿಸಲಾಯಿತು. ಆ ರೋಗ ಕರಾವಳಿಯ ಮತ್ತಷ್ಟು ಜಾತ್ರೆಗಳಿಗೆ ಹಬ್ಬಿತು. ಅದೇ ಮಣ್ಣಿನಲ್ಲಿ ಹುಟ್ಟಿ, ಅದೇ ಜಾತ್ರೆಯಲ್ಲಿ ವರ್ಷಗಟ್ಟಲೆ ಬಳೆ, ಆಟಿಕೆ ಮಾರಿದವನು ಹೊರಗಿನವನಾದ. ದೂರದ ಕಂಪೆನಿಯ ಪೊಟ್ಟಣಕ್ಕೆ ಮಾತ್ರ ಯಾರೂ ಜಾತಿ ಕೇಳಲಿಲ್ಲ. ಇಂಥ ಬಹಿಷ್ಕಾರಕ್ಕೆ ಮರುಬಹಿಷ್ಕಾರ ಉತ್ತರವಲ್ಲ. 'ನಮ್ಮವರಿಂದ ಮಾತ್ರ ಕೊಳ್ಳಿ' ಎಂಬ ಮಾತು ನಮ್ಮ ಬಾಯಿಂದ ಬಂದರೂ ಅಷ್ಟೇ ಹೇಯ. ಈ ನಾಡಿನ ಕಸುಬಿಗೆ ಆ ಗೋಡೆಗಳು ಗೊತ್ತಿಲ್ಲ. ಮುಸ್ಲಿಂ ಕುಶಲಕರ್ಮಿ ಕಡೆದ ಗೊಂಬೆ ದಸರಾದ ಗೊಂಬೆಸಾಲಿನಲ್ಲಿ ಕೂರುತ್ತದೆ. ದೇವಾಂಗ ನೇಕಾರ ನೇಯ್ದ ಸೀರೆಯುಟ್ಟು ಉತ್ತರ ಕರ್ನಾಟಕದ ಮುಸ್ಲಿಂ ಹೆಣ್ಣುಮಗಳು ಈದ್ ಆಚರಿಸುತ್ತಾಳೆ. ಬೀದರ್ ಕೋಟೆಯ ಮಣ್ಣಿನಿಂದ ಕಪ್ಪೇರಿದ ಬಿದರಿ ಹೂಜಿಯ ಮೇಲೆ ಬೆಳ್ಳಿಯ ಎಳೆ ಕೂರಿಸಿದವನ ಹೆಸರು ಕೇಳಿ ಯಾರೂ ಅದನ್ನು ಕೊಂಡವರಲ್ಲ. ಬಹಿಷ್ಕಾರಕ್ಕೆ ನಿಜವಾದ ಉತ್ತರ ಇಂಥ ಕೊಡುಕೊಳ್ಳುವಿಕೆಯನ್ನು ಇನ್ನಷ್ಟು ಗಟ್ಟಿಗೊಳಿಸುವುದು.

ಈಗಲೇ ಹೇಳಿಡಿ

ಹಾಗಾದರೆ ಮಾಡಬೇಕಾದುದೇನು? ಕಷ್ಟದ ಕೆಲಸವೇನಲ್ಲ. ಸರಕಾರಿ ಸಮಾರಂಭಗಳಲ್ಲಿ ಹಾರ, ಶಾಲು ಬೇಡ, ಕನ್ನಡ ಪುಸ್ತಕ ಕೊಡಿ ಎಂದು 2021ರ ಆಗಸ್ಟ್‌ನಲ್ಲಿ ರಾಜ್ಯ ಸರಕಾರ ಆದೇಶ ಹೊರಡಿಸಿತು. ಉಡುಗೊರೆಯ ರೂಢಿಯನ್ನು ಬದಲಿಸಲು ಸಾಧ್ಯ ಎಂಬುದಕ್ಕೆ ಇದೊಂದು ಸೂಚನೆ. ಮಸೀದಿ ಕಮಿಟಿ, ಯುವಕ ಮಂಡಲ, ಮಹಿಳಾ ಸಂಘ, ಶಾಲೆಯ ಆಡಳಿತ - ಇವರೆಲ್ಲ ವರ್ಷಕ್ಕೊಮ್ಮೆಯಾದರೂ ಸಗಟಾಗಿ ಉಡುಗೊರೆ, ಬಹುಮಾನ, ಸ್ಮರಣಿಕೆ ಕೊಳ್ಳುವವರು. ಧೂಳು ಹಿಡಿಯುವ ಫೈಬರ್ ಸ್ಮರಣಿಕೆಯ ಬದಲು ಒಂದು ಗೊಂಬೆ, ಒಂದು ಟವೆಲ್, ಒಂದು ಮಣ್ಣಿನ ಹೂಜಿ ಕೊಡಲು ಯಾರ ಅಪ್ಪಣೆಯೂ ಬೇಕಾಗಿಲ್ಲ. ಕಾವೇರಿ ಎಂಪೋರಿಯಂ, ಪ್ರಿಯದರ್ಶಿನಿ ಮಳಿಗೆಗಳಿವೆ. ಅದಕ್ಕಿಂತ ಒಳ್ಳೆಯದು ಮಾಡುವವರ ಮನೆಬಾಗಿಲಿಗೇ ಹೋಗುವುದು. ಹೋದಾಗ ಚೌಕಾಶಿ ಬೇಡ. ಮಾಲ್‌ನಲ್ಲಿ ಅಚ್ಚು ಹಾಕಿದ ಬೆಲೆಯನ್ನು ತುಟಿ ಪಿಟಕ್ಕೆನ್ನದೆ ತೆತ್ತು ಬರುವ ನಾವು ನೇಯ್ದವಳ ಎದುರು ಐವತ್ತು ರೂಪಾಯಿಗೆ ಜಗ್ಗಾಡುವುದಕ್ಕಿಂತ ನಾಚಿಕೆಗೇಡು ಬೇರೊಂದಿಲ್ಲ. ಸರಕು ಮಾರಾಟವಾದ ಮೇಲೆ ದುಡ್ಡು ಕೊಡುತ್ತೇವೆಂದು ತಿಂಗಳುಗಟ್ಟಲೆ ಸತಾಯಿಸುವುದೂ ಅಷ್ಟೇ ತಪ್ಪು.

ಎಲ್ಲಕ್ಕಿಂತ ಮುಖ್ಯ, ಸಮಯ. ಯಂತ್ರದ ಸರಕು ನಾಳೆ ಬೆಳಿಗ್ಗೆ ಬಾಗಿಲಿಗೆ ಬರುತ್ತದೆ. ಮಗ್ಗದ ಹಾಸು ಹಾಗೆ ಬರಲಾರದು. ಹಬ್ಬದ ಮುನ್ನಾದಿನ ಅಂಗಡಿಗೆ ನುಗ್ಗುವ ಅಭ್ಯಾಸವೇ ನಮ್ಮನ್ನು ಕಾರ್ಖಾನೆಗೆ ಒತ್ತೆಯಿಟ್ಟಿದೆ. ರಮಝಾನಿಗೆ ಜಾನಮಾಜ್ ಬೇಕೆಂದಿದ್ದರೆ ರಜಬ್ ತಿಂಗಳಲ್ಲೇ ನವಲಗುಂದಕ್ಕೆ ಹೇಳಿಡಿ. ದೀಪಾವಳಿಗೆ ಸೀರೆ ಬೇಕಾದವರು ಶ್ರಾವಣದಲ್ಲೇ ಇಳಕಲ್ಲಿಗೆ ಹೇಳಿಡಿ. ಜೊತೆಗೆ ಅರ್ಧ ಹಣವನ್ನು ಮುಂಗಡವಾಗಿ ಕೊಡಿ. ಆ ಮುಂಗಡದಲ್ಲಿ ನೂಲು ಬರುತ್ತದೆ, ಮಗ್ಗ ಹೂಡುತ್ತಾರೆ, ಹಬ್ಬಕ್ಕೆ ಎರಡು ತಿಂಗಳ ಮೊದಲೇ ಆ ಮನೆಯ ಒಲೆ ಉರಿಯುತ್ತದೆ.