ಡಚ್ಚರ ನಾಡಿಗೆ ಹೋಗೋಣ, ಗಂಗಾವತಿಯ ಪ್ರಶ್ನೆ ಹಿಡ್ಕೊಂಡು

ಸೆಮಿಸ್ಟರ್ ಪರೀಕ್ಷೆ ಹತ್ತಿರ ಬಂದಂಗೆ ವಾಟ್ಸಾಪ್ ಗ್ರೂಪುಗಳಲ್ಲಿ ಎರಡು ಥರದ ಪಿಡಿಎಫ್ ಹರಿದಾಡ್ತವೆ. ಒಂದು ಹಳೇ ಪ್ರಶ್ನೆಪತ್ರಿಕೆ, ಇನ್ನೊಂದು ವಿದೇಶದ ಶಾರ್ಟ್ ಟರ್ಮ್ ಕೋರ್ಸಿನ ಬ್ರೋಷರ್. ಈಗ ನಮ್ಮಲ್ಲಿ ಚರ್ಚೆ ಆಗ್ತಿರೋದು ನೆದರ್‌ಲೆಂಡ್ಸಿನದು. ಎರಡು ಮೂರು ವಾರ, ಸುಸ್ಥಿರತೆ ಮತ್ತು ಪರಿಸರ ತಂತ್ರಜ್ಞಾನ, ಸಮುದ್ರ ತಡೆಯೋ ಗೇಟುಗಳು, ಗಾಜಿನ ಮನೆಯ ಟೊಮೆಟೊ, ಸೈಕಲ್ ರಸ್ತೆ, ಕೊನೆಗೊಂದು ಸರ್ಟಿಫಿಕೇಟ್. ಖರ್ಚು ಮಾತ್ರ ಲಕ್ಷದ ಲೆಕ್ಕ.

ಹೋಗಬೇಡಿ ಅನ್ನೋದು ನಮ್ಮ ವಾದ ಅಲ್ಲ. ಹೋಗೋ ಮುಂಚೆ ಒಂದು ವಾರ ಕೊಪ್ಪಳ ಜಿಲ್ಲೆ ಸುತ್ತಿ, ಅಲ್ಲಿಂದ ಒಂದು ಪ್ರಶ್ನೆ ಎತ್ತಿಕೊಂಡು ಹೋಗಿ ಅಂತೀವಿ. ಬರಿಗೈಲಿ ಹೋದರೆ ಅದು ಟೂರ್.

ಕೊಪ್ಪಳವೇ ಯಾಕೆ? 1953ರ ಜನವರಿ 31ರ ರಾತ್ರಿ ಉತ್ತರ ಸಮುದ್ರ ಉಕ್ಕಿ ನೆದರ್‌ಲೆಂಡ್ಸಿನಲ್ಲಿ 1,836 ಜನ ಸತ್ತರು. ಅವರ ಪ್ರಸಿದ್ಧ ಡೆಲ್ಟಾ ಕಾಮಗಾರಿಗಳು ಶುರುವಾಗಿದ್ದು ಆ ದುರಂತದಿಂದ. ಅದೇ 1953ರಲ್ಲಿ ತುಂಗಭದ್ರಾ ಅಣೆಕಟ್ಟಿನಿಂದ ಕಾಲುವೆಗೆ ನೀರು ಬಿಟ್ಟರು. ಅವರು ನೀರನ್ನ ಹೊರಗಿಡೋಕೆ ಹೊರಟರು, ನಾವು ಒಳಗೆ ತರೋಕೆ. ಎಪ್ಪತ್ತು ವರ್ಷ ಆದಮೇಲೆ ಇಬ್ಬರ ತಲೆನೋವೂ ಸುಮಾರು ಒಂದೇ ಆಗಿದೆ ಅನ್ನೋದು ಗಂಗಾವತಿಗೆ ಹೋದರೆ ಕಾಣುತ್ತೆ.

ಗಂಗಾವತಿ ಅಂದ್ರೆ ಭತ್ತದ ಕಣಜ. ಸೋನಾ ಮಸೂರಿ ತಿನ್ನದ ಹಾಸ್ಟೆಲ್ ಇಲ್ಲ. ಆದರೆ ಎಡದಂಡೆ ಕಾಲುವೆಯನ್ನ ಯೋಜನೆ ಮಾಡಿದ್ದು ಮುಖ್ಯವಾಗಿ ಜೋಳ, ಹತ್ತಿ, ಶೇಂಗಾದಂಥ ಕಡಿಮೆ ನೀರಿನ ಬೆಳೆಗೆ. ನೀರು ಕಣ್ಣೆದುರಿಗೇ ಹರೀತಿರುವಾಗ ರೈತ ಭತ್ತ ಹಾಕ್ತಾನೆ, ಅದರಲ್ಲಿ ತಪ್ಪೇನಿದೆ? ಸಮಸ್ಯೆ ನೆಲದ ಕೆಳಗಿದೆ. ತಿಂಗಳುಗಟ್ಟಲೆ ನೀರು ನಿಂತರೆ ಅಂತರ್ಜಲ ಮೇಲೇರುತ್ತೆ. ಬೇಸಿಗೆಯಲ್ಲಿ ಆ ನೀರು ಕಪ್ಪುಮಣ್ಣಿನ ಸಣ್ಣ ರಂಧ್ರಗಳಲ್ಲಿ ಮೇಲಕ್ಕೆಳೆದುಕೊಂಡು ಬಂದು ಆವಿಯಾಗುತ್ತೆ, ಉಪ್ಪು ಮಾತ್ರ ಉಳಿಯುತ್ತೆ. ಇದೇ ಸವಳು-ಜವಳು. ಇದರ ಮೇಲೆ ಕೆಲಸ ಮಾಡೋ ಕೃಷಿ ಸಂಶೋಧನಾ ಕೇಂದ್ರ ಗಂಗಾವತಿಯಲ್ಲೇ ಇದೆ. ನಮ್ಮಲ್ಲಿ ಎಷ್ಟು ಜನ ಅದರ ಗೇಟು ನೋಡಿದ್ದಾರೆ?

ಇಲ್ಲಿ ಡಚ್ಚರು ಬರ್ತಾರೆ. ಅವರ ದೇಶದ ಕಾಲುಭಾಗ ಸಮುದ್ರಮಟ್ಟಕ್ಕಿಂತ ಕೆಳಗಿದೆ, ಹಾಗಾಗಿ ಹೊಲದಡಿಯಿಂದ ನೀರು ಬಸಿಯೋದು ಅವರಿಗೆ ಹಳೇ ಕಸುಬು. ಸುಮಾರು ಮೀಟರ್ ಆಳದಲ್ಲಿ ತೂತುಗಳಿರೋ ಪ್ಲಾಸ್ಟಿಕ್ ಪೈಪು ಹೂಳ್ತಾರೆ. ಉಪ್ಪುನೀರು ಅದಕ್ಕೆ ಬಸಿದು ಹೊರಗೆ ಹೋಗುತ್ತೆ. ಇದೇ ತಂತ್ರವನ್ನ ಭಾರತದ ರೈತರ ಹೊಲಗಳಲ್ಲಿ ಪರೀಕ್ಷೆ ಮಾಡೋಕೆ ಕರ್ನಾಲಿನ ಕೇಂದ್ರೀಯ ಮಣ್ಣು ಲವಣತೆ ಸಂಶೋಧನಾ ಸಂಸ್ಥೆ ಮತ್ತು ನೆದರ್‌ಲೆಂಡ್ಸಿನ ವಾಗೆನಿಂಗೆನ್ನಿನ ತಜ್ಞರು ತೊಂಬತ್ತರ ದಶಕದಲ್ಲಿ ಜೊತೆಯಾಗಿ ಕೆಲಸ ಮಾಡಿದರು. ಕರ್ನಾಟಕದಿಂದ ಧಾರವಾಡದ ಕೃಷಿ ವಿಶ್ವವಿದ್ಯಾಲಯ ಅದರಲ್ಲಿತ್ತು. ಫಲಿತಾಂಶ ಸಣ್ಣದಲ್ಲ, ಭತ್ತದ ಇಳುವರಿ ಸರಾಸರಿ 69 ಪ್ರತಿಶತ ಏರಿತು.

ಹಂಗಾದ್ರೆ ಎಲ್ಲ ಗದ್ದೆಗೂ ಪೈಪು ಹಾಕೋದಲ್ವಾ? ಪೈಪು ಹಾಕೋದು ಸಲೀಸು. ಒಬ್ಬನ ಗದ್ದೆಯಿಂದ ಬಸಿದ ಉಪ್ಪುನೀರು ಇನ್ನೊಬ್ಬನ ಗದ್ದೆ ದಾಟಿ ಹಳ್ಳ ಸೇರಬೇಕು. ಬಸಿಗಾಲುವೆಯ ಹೂಳು ಯಾರು ತೆಗೀಬೇಕು, ಪಂಪಿನ ಕರೆಂಟು ಬಿಲ್ಲು ಯಾರು ಕಟ್ಟಬೇಕು? ಡಚ್ಚರಿಗೆ ಇದಕ್ಕೆ ಉತ್ತರ ಗೊತ್ತು, ಆ ಉತ್ತರದ ಹೆಸರು ‘ವಾಟರ್‌ಸ್ಕಾಪ್’, ಅಂದ್ರೆ ಜಲಮಂಡಳಿ. 13ನೇ ಶತಮಾನದಿಂದ ನಡೆದುಬಂದ ವ್ಯವಸ್ಥೆ, ಈಗ ದೇಶದಲ್ಲಿ 21 ಇವೆ. ನಾಲ್ಕು ವರ್ಷಕ್ಕೊಮ್ಮೆ ಚುನಾವಣೆ, ಸ್ವಂತ ತೆರಿಗೆ. ನಮ್ಮ ಕಾಲುವೆಗಳಲ್ಲೂ ನೀರು ಬಳಕೆದಾರರ ಸಹಕಾರ ಸಂಘಗಳು ಇವೆ. ಬ್ರೋಷರಿನಲ್ಲಿ ಗಾಳಿಯಂತ್ರದ ಫೋಟೋ ಇರುತ್ತೆ, ಜಲಮಂಡಳಿಯ ಲೆಕ್ಕದ ಪುಸ್ತಕ ಇರಲ್ಲ. ನಾವು ಹೋದರೆ ಆ ಪುಸ್ತಕ ತೋರಿಸಿ ಅಂತ ಕೇಳಬೇಕು. (ಗಾಳಿಯಂತ್ರ ನೋಡೋಕೆ ಯಲಬುರ್ಗಾ-ಕುಷ್ಟಗಿ ರಸ್ತೆ ಸಾಕು.)

ಇನ್ನೊಂದು ಪ್ರಶ್ನೆ ಮುನಿರಾಬಾದಿನದು. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಅಣೆಕಟ್ಟಿನ 33 ಗೇಟುಗಳಲ್ಲಿ 19ನೇದರ ಚೈನು ಕಡಿದು ಗೇಟು ಕೊಚ್ಚಿಹೋಯ್ತು. ತುಂಬಿದ ಜಲಾಶಯದ ನೀರು ಹರೀತಿರುವಾಗಲೇ ಕನ್ನಯ್ಯ ನಾಯ್ಡು ಮಾರ್ಗದರ್ಶನದಲ್ಲಿ ಸ್ಟಾಪ್‌ಲಾಗ್ ಇಳಿಸಿ ಒಂದು ವಾರದೊಳಗೆ ತಡೆದರು. ಆ ಕೆಲಸ ಮಾಡಿದವರಿಗೆ ಎಷ್ಟು ಕೈಮುಗಿದರೂ ಕಡಿಮೆ. ಆದರೆ ರಾಟರ್‌ಡ್ಯಾಮ್ ಹತ್ತಿರದ ಮಾಸ್ಲಾಂಟ್ ತಡೆಗೋಡೆಯನ್ನ (ಕೊಪ್ಪಳ ಜಿಲ್ಲೆ ಹುಟ್ಟಿದ 1997ರಲ್ಲೇ ಅದೂ ಉದ್ಘಾಟನೆ ಆಗಿದ್ದು) ಪ್ರತಿವರ್ಷ ಸೆಪ್ಟೆಂಬರ್ ಸುಮಾರಿಗೆ ಪರೀಕ್ಷೆಗೆ ಅಂತ ಮುಚ್ಚಿ ತೆರೀತಾರೆ. ಜನ ನೋಡೋಕೆ ಬರ್ತಾರೆ, ಹೆಚ್ಚುಕಡಿಮೆ ಜಾತ್ರೆ ಥರ. ಹೊಸ ಗೇಟು ಡಿಸೈನ್ ಮಾಡೋದಕ್ಕೆ ನಮ್ಮ ಸಿಲಬಸ್ಸಿನಲ್ಲಿ ಜಾಗ ಇದೆ, ಹಳೇ ಗೇಟಿನ ಚೈನು ಪರೀಕ್ಷೆ ಮಾಡೋದಕ್ಕೆ ಇಲ್ಲ.

ಡಚ್ಚರು ದೇವತೆಗಳೇನಲ್ಲ. ದನ-ಹಂದಿ ಸಾಕಣೆಯಿಂದ ಬರೋ ಸಾರಜನಕದ ಗಲಾಟೆ 2019ರ ಕೋರ್ಟ್ ತೀರ್ಪಿನಿಂದ ಶುರುವಾಗಿ, ಟ್ರ್ಯಾಕ್ಟರುಗಳು ಹೆದ್ದಾರಿಗೆ ಬಂದವು. ಕೊಪ್ಪಳದವರಿಗೆ ಹತ್ತಿರದ ಕಥೆ ಮಾತ್ರ ಐಮೌಡನ್ನಿನದು. ಅಲ್ಲಿರೋದು ನಮ್ಮದೇ ಟಾಟಾ ಸ್ಟೀಲ್. ಪಕ್ಕದ ಊರಿನ ಮಕ್ಕಳ ಆಟದ ಮೈದಾನದ ಮೇಲೆ ಕಪ್ಪುದೂಳು ಬೀಳುತ್ತೆ ಅನ್ನೋ ದೂರು ಬಂದಮೇಲೆ, ಆ ದೂಳಿನಲ್ಲಿ ಸೀಸ ಮತ್ತು ಬೇರೆ ವಿಷವಸ್ತು ಇದೆ, ಮಕ್ಕಳ ಆರೋಗ್ಯಕ್ಕೆ ಒಳ್ಳೇದಲ್ಲ ಅಂತ ಅಲ್ಲಿನ ಸರ್ಕಾರಿ ಆರೋಗ್ಯ ಸಂಸ್ಥೆಯೇ 2021ರಲ್ಲಿ ಹೇಳಿತು. ‘ಹಾಲಂಡ್ಸೆ ಲುಖ್ಟೆನ್’ ಅನ್ನೋ ಯೋಜನೆಯಲ್ಲಿ ಊರಿನವರೇ ಮನೆ ಹೊರಗೆ ಸಣ್ಣ ಸೆನ್ಸರ್ ತೂಗುಹಾಕಿ ಗಾಳಿಯನ್ನ ಅಳೀತಾರೆ.

ಗಿಣಿಗೇರಿ, ಹಿರೇಬಗನಾಳ ಕಡೆಯಿಂದ ಬರೋ ಸ್ನೇಹಿತರಿಗೆ ಈ ದೂಳಿನ ಬಗ್ಗೆ ನಾವು ಹೇಳಿಕೊಡಬೇಕಿಲ್ಲ. ಹೊಸ ಉಕ್ಕಿನ ಕಾರ್ಖಾನೆ ಬೇಡ ಅಂತ 2025ರ ಫೆಬ್ರವರಿ 24ರಂದು ಕೊಪ್ಪಳ ಬಂದ್ ಆಯ್ತು. ಕೆಲಸ ಬೇಕು ಅನ್ನೋರೂ ಇದ್ದಾರೆ, ಉಸಿರು ಬೇಕು ಅನ್ನೋರೂ ಇದ್ದಾರೆ, ಇಬ್ಬರದೂ ನ್ಯಾಯವೇ. ಆದರೆ ಇಂಥ ವಾದದಲ್ಲಿ ಅಂಕಿಗಳು ಒಂದೇ ಕಡೆಯವರ ಕೈಲಿದ್ದರೆ ವಾದ ಮುಂದೆ ಹೋಗಲ್ಲ. ಪಿಎಂ ಸೆನ್ಸರ್ ಒಂದು ಮಿನಿ ಪ್ರಾಜೆಕ್ಟಿನ ಖರ್ಚಿನಲ್ಲಿ ಬರುತ್ತೆ, ಕೋಡು ಮೂರನೇ ಸೆಮಿಸ್ಟರಿನವರು ಬರೀತಾರೆ. ಪ್ರತಿವರ್ಷ ಅದೇ ಲೈನ್ ಫಾಲೋವರ್ ರೋಬೋಟ್ ಮಾಡೋ ಬದಲು ಇಪ್ಪತ್ತು ಸೆನ್ಸರ್ ಇಪ್ಪತ್ತು ಮನೆಗೆ ಹಾಕಿದ್ರೆ ಏನು ಕಳ್ಕೋತೀವಿ?

ಕೈಹಾಕಿ ಮಾಡಿದವರು ಈ ನೆಲದಲ್ಲೇ ಇದ್ದಾರೆ. 2019ರಲ್ಲಿ ಗವಿಮಠದ ಅಭಿನವ ಗವಿಸಿದ್ಧೇಶ್ವರ ಸ್ವಾಮೀಜಿ ಹಿರೇಹಳ್ಳದಲ್ಲಿ ಸ್ವತಃ ನಿಂತು, ಇಪ್ಪತ್ತಕ್ಕೂ ಹೆಚ್ಚು ಕಿಲೋಮೀಟರ್ ಜನರಿಂದಲೇ ಸ್ವಚ್ಛ ಮಾಡಿಸಿದರು. ಕುಷ್ಟಗಿ ತಾಲ್ಲೂಕಿನ ನಿಡಶೇಸಿ ಕೆರೆ ಹೂಳಿನಿಂದ ಎದ್ದು ಬಂತು. ಯಲಬುರ್ಗಾದ ತಲ್ಲೂರು ಕೆರೆಯ ಹೂಳನ್ನ 2017ರಲ್ಲಿ ನಟ ಯಶ್ ಅವರ ಯಶೋಮಾರ್ಗ ತೆಗೆಸಿತು. ಬೋರ್‌ವೆಲ್ ನೀರಿನಲ್ಲಿ ಫ್ಲೋರೈಡ್ ಇರೋ ಈ ಎರಡು ತಾಲ್ಲೂಕಿಗೆ ಕೆರೆ ಅಂದ್ರೆ ಏನು ಅಂತ ಬಿಡಿಸಿ ಹೇಳಬೇಕಿಲ್ಲ. ಮುಂದಿನ ಕೆಲಸ ನಮ್ಮಂಥವರದು: ಪ್ರತಿ ಮಳೆಗಾಲ ಆದಮೇಲೆ ಎಷ್ಟು ಹೂಳು ಮತ್ತೆ ಬಂತು ಅಂತ ಅಳೆಯೋದು. ಸರ್ವೇ ಕ್ಯಾಂಪಿಗೆ ಇದಕ್ಕಿಂತ ಒಳ್ಳೇ ಜಾಗ ಯಾವುದು?

ಹೊರದೇಶ ನೋಡಿದರೆ ಎಕ್ಸ್‌ಪೋಶರ್ ಸಿಗುತ್ತೆ ಅಂತಾರೆ. ಖಂಡಿತ ಸಿಗುತ್ತೆ, ದುಡ್ಡಿರೋರಿಗೆ. ಒಂದು ಬ್ಯಾಚಿನಲ್ಲಿ ನಾಲ್ಕೈದು ಜನ ಹೋಗಬಹುದು, ಉಳಿದವರು ಅವರ ಇನ್‌ಸ್ಟಾ ಸ್ಟೋರಿ ನೋಡಬಹುದು. ಕೊಪ್ಪಳಕ್ಕೆ ಎಲ್ಲರೂ ಹೋಗಬಹುದು. ವಿಟಿಯು ಪದವಿಗೆ ಬೇಕಾದ 100 ಆಕ್ಟಿವಿಟಿ ಪಾಯಿಂಟಿಗೂ ದಾರಿ ಆಗುತ್ತೆ.

ಆದ್ದರಿಂದ ನಮ್ಮ ಕೋರಿಕೆ ಇಷ್ಟು. ವಿದೇಶದ ಕೋರ್ಸಿಗೆ ಕಾಲೇಜು ಹೆಸರು ಕಳಿಸೋ ಮುಂಚೆ ಆ ವಿದ್ಯಾರ್ಥಿಗಳನ್ನ ಒಂದು ವಾರ ಜಿಲ್ಲೆಗೆ ಕಳಿಸಲಿ, ಒಂದು ಪುಟದ ಪ್ರಶ್ನೆ ಬರೆಸಲಿ. ವಾಪಸ್ ಬಂದವರು ಉತ್ತರವನ್ನ ಕನ್ನಡದಲ್ಲಿ, ಇದೇ ಪತ್ರಿಕೆಯಲ್ಲಿ ಬರೀಲಿ. ಹೋಗದವರು ಕಾಯೋದು ಬೇಡ. ಮಣ್ಣಿನ ಉಪ್ಪು ಅಳೆಯೋ ಇಸಿ ಮೀಟರ್ ಲ್ಯಾಬಿನಿಂದ ಕೇಳಿ ತಗೊಳ್ಳೋಣ. ಮುಂಗಾರಿನ ಭತ್ತದ ಕೊಯ್ಲು ಡಿಸೆಂಬರ್ ಹೊತ್ತಿಗೆ ಮುಗಿಯುತ್ತೆ. ಗದ್ದೆ ಒಣಗಿದಾಗ ಗಂಗಾವತಿಯ ಬದುವಿನ ಮೇಲೆ ಉಪ್ಪು ಬೆಳ್ಳಗೆ ಎದ್ದು ಕಾಣುತ್ತೆ, ಅಳೆಯೋಕೆ ಅದೇ ಒಳ್ಳೇ ಸಮಯ.