ಘಾಟಿ ರಸ್ತೆ ಗಂಡುಮಕ್ಕಳದ್ದೇ?

ನಾಲ್ವರು ಹುಡುಗರು ಸೈಕಲ್ ತುಳಿಯುತ್ತ ಆಗುಂಬೆ ಘಾಟಿ ಇಳಿದರೆ ನಮ್ಮೂರಿನಲ್ಲಿ ಅದಕ್ಕೆ ಸಾಹಸ ಎನ್ನುತ್ತಾರೆ. ನಾಲ್ವರು ಹುಡುಗಿಯರು ಅದನ್ನೇ ಮಾಡಿದರೆ, "ಮನೆಯಲ್ಲಿ ಹೇಳುವವರು ಕೇಳುವವರು ಯಾರೂ ಇಲ್ಲವೇ?" ಎನ್ನುತ್ತಾರೆ. ಈ ಎರಡು ನಾಲಿಗೆಯ ಮಾತು ಕೇಳಿ ಕೇಳಿ ನನಗೆ ಸಾಕಾಗಿದೆ. ಹಾಗಾಗಿ ಈ ಬರಹ ಸ್ವಲ್ಪ ಖಾರವಾಗಿಯೇ ಇದೆ. ಓದಿದವರು ನನ್ನನ್ನು ಬೈದರೂ ಚಿಂತೆಯಿಲ್ಲ, ಉತ್ತರ ಹೇಳಿದರೆ ಸಾಕು.

ಕಳೆದ ಜನವರಿಯಲ್ಲಿ ನನ್ನ ಹಳೆಯ ವಿದ್ಯಾರ್ಥಿನಿಯರು ನಾಲ್ವರು ತೀರ್ಥಹಳ್ಳಿಯಿಂದ ಆಗುಂಬೆ, ಸೋಮೇಶ್ವರ, ಹೆಬ್ರಿ ದಾಟಿ ಉಡುಪಿಯವರೆಗೆ ಸೈಕಲ್ಲಿನಲ್ಲಿ ಹೋಗುವುದೆಂದು ನಿಶ್ಚಯಿಸಿದರು. ನಡುವೆ ಒಂದು ರಾತ್ರಿ ಆಗುಂಬೆಯಲ್ಲಿ, ಪರಿಚಯದವರ ಮನೆಯಲ್ಲಿ. "ಟೀಚರ್ ಜೊತೆಗೆ ಬರುವುದಾದರೆ ಕಳಿಸುತ್ತೇವೆ" ಎಂದರು ತಾಯಂದಿರು. ಇಪ್ಪತ್ತು ವರ್ಷಕ್ಕೂ ಹೆಚ್ಚು ಕಾಲ ಸೀರೆಯುಟ್ಟೇ ಸೈಕಲ್ಲಿನಲ್ಲಿ ಶಾಲೆಗೆ ಹೋದವಳು ನಾನು. ಬರುವುದಿಲ್ಲ ಎನ್ನಲು ನನಗೆ ಕಾರಣವಿರಲಿಲ್ಲ. ಆದರೆ ಹೊರಡುವ ಹಿಂದಿನ ರಾತ್ರಿ ನಾಲ್ವರಲ್ಲಿ ಒಬ್ಬಳು ಫೋನು ಮಾಡಿ ಅತ್ತಳು. ಸೋದರಮಾವ ಬಂದು, "ನಾಳೆ ಹೆಣ್ಣು ನೋಡಲು ಬರುವವರಿಗೆ ಏನು ಹೇಳುತ್ತೀರಿ?" ಎಂದು ಕೇಳಿದ್ದರಂತೆ. ಮನೆಯಲ್ಲಿ ಯಾರ ಬಳಿಯೂ ಉತ್ತರವಿರಲಿಲ್ಲ. ಅವಳು ಉಳಿದಳು, ನಾವು ಹೊರಟೆವು.

ಹುಡುಗಿಯರು ಸೈಕಲ್ ತುಳಿಯಬಾರದು ಎಂದು ಈಗ ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ಸರ್ಕಾರವೇ 2006-07ರಲ್ಲಿ ಎಂಟನೆಯ ತರಗತಿಯ ಮಕ್ಕಳಿಗೆ ಸೈಕಲ್ ಕೊಡಲು ಆರಂಭಿಸಿತಲ್ಲ! ಆ ವರ್ಷಗಳಲ್ಲಿ ನಮ್ಮ ಶಾಲೆಯ ಅಂಗಳದಲ್ಲಿ ಹೊಸ ಸೈಕಲ್ಲುಗಳ ಸಾಲು ನೋಡುವುದೇ ಒಂದು ಸಂಭ್ರಮ. ಆದರೆ ಶಾಲೆ ಮುಗಿದ ಮೇಲೆ ಆ ಸೈಕಲ್ಲುಗಳು ಎಲ್ಲಿ ಹೋದವು? ನಾನು ಕಣ್ಣಾರೆ ಕಂಡದ್ದು ಹೇಳುತ್ತೇನೆ: ಕೆಲವು ಅಣ್ಣತಮ್ಮಂದಿರ ಪಾಲಾದವು, ಕೆಲವು ಹಾಲಿನ ಕ್ಯಾನು ಹೊತ್ತವು, ಕೆಲವು ಕೊಟ್ಟಿಗೆಯಲ್ಲಿ ತುಕ್ಕು ಹಿಡಿದವು. ಹುಡುಗಿಗೆ ಸೈಕಲ್ ಮನೆಯಿಂದ ಶಾಲೆಗೆ, ಶಾಲೆಯಿಂದ ಮನೆಗೆ. ಅದಕ್ಕಿಂತ ಒಂದು ಮೈಲಿ ಆಚೆ ಹೋದರೆ ಅದು ಬೀದಿ ಸುತ್ತುವುದು. ಹುಡುಗನಿಗೆ ಮಾತ್ರ ಆ ಗೆರೆಯಿಲ್ಲ.

ಅಪಾಯದ ಮಾತು ಬರುತ್ತದೆ. ಬರಲಿ. ಆಗುಂಬೆ ಘಾಟಿಯಲ್ಲಿ ಹದಿನಾಲ್ಕು ಕಡಿದಾದ ತಿರುವುಗಳಿವೆ. ಒಂದು ಕಡೆ ಬೆಟ್ಟ, ಒಂದು ಕಡೆ ಕಣಿವೆ, ಎದುರಿನಿಂದ ಹಾರ್ನ್ ಹಾಕುತ್ತ ಬರುವ ಬಸ್ಸು. ಹಾಗೆಂದೇ ಇಳಿಯುವುದನ್ನು ಕಲಿತು ಇಳಿಯಬೇಕು. ತಿರುವಿನೊಳಗೆ ಹೋಗಿ ಬ್ರೇಕ್ ಹಿಡಿದರೆ ಚಕ್ರ ಜಾರುತ್ತದೆ, ವೇಗವನ್ನು ತಿರುವಿಗೆ ಮೊದಲೇ ತಗ್ಗಿಸಬೇಕು. ಬ್ರೇಕನ್ನು ಒತ್ತಿಹಿಡಿದೇ ಇಳಿದರೆ ಚಕ್ರದ ರಿಮ್ಮು ಕಾದುಬಿಡುತ್ತದೆ, ಮುಂದಿನದನ್ನೂ ಹಿಂದಿನದನ್ನೂ ಬಿಟ್ಟು ಬಿಟ್ಟು ಹಿಡಿಯಬೇಕು. ಈ ಹುಡುಗಿಯರು ಎರಡು ತಿಂಗಳು ಊರ ಹಿಂದಿನ ಗುಡ್ಡದಲ್ಲಿ ಇದನ್ನೇ ಅಭ್ಯಾಸ ಮಾಡಿದರು. ಅದೇ ಮನೆಗಳ ಗಂಡುಮಕ್ಕಳು ಹೆಲ್ಮೆಟ್ಟನ್ನು ಮೊಣಕೈಗೆ ಸಿಕ್ಕಿಸಿಕೊಂಡು ಮೋಟಾರ್ ಬೈಕಿನಲ್ಲಿ ಆ ಘಾಟಿ ಇಳಿಯುತ್ತಾರೆ. ಅವರಿಗೆ ಪೆಟ್ರೋಲಿಗೆ ದುಡ್ಡು ಕೊಡುವವರು ಯಾರು? ನಾವೇ ತಾನೇ? ಹಾಗಾದರೆ ನಮ್ಮ ಭಯ ರಸ್ತೆಯದ್ದಲ್ಲ.

ಇನ್ನೊಂದು ಮಾತನ್ನು ಹೆಂಗಸರು ನನ್ನ ಕಿವಿಯ ಬಳಿ ಬಂದು ಹೇಳುತ್ತಾರೆ. ಅಷ್ಟು ದೂರ ಸೈಕಲ್ ತುಳಿದರೆ ಹೆಣ್ಣಿನ ಮೈಗೆ ಒಳ್ಳೆಯದಲ್ಲವಂತೆ, ಗರ್ಭಕೋಶಕ್ಕೆ ಪೆಟ್ಟಂತೆ. ದೊಡ್ಡ ಕೊಡ ಸೊಂಟದಲ್ಲಿಟ್ಟು ಗುಡ್ಡ ಹತ್ತುವಾಗ, ತಲೆಯ ಮೇಲೆ ಸೊಪ್ಪಿನ ಹೊರೆ ಹೊತ್ತು ತರುವಾಗ ಈ ಗರ್ಭಕೋಶ ಯಾರ ನೆನಪಿಗೂ ಬರುವುದಿಲ್ಲ. ಇದು ನಮ್ಮ ದೇಶದ ಕಾಯಿಲೆ ಮಾತ್ರವೂ ಅಲ್ಲ. 1890ರ ದಶಕದಲ್ಲಿ ಇಂಗ್ಲೆಂಡು, ಅಮೆರಿಕಗಳ ಕೆಲವು ಡಾಕ್ಟರುಗಳು ಸೈಕಲ್ ತುಳಿಯುವ ಹೆಂಗಸರಿಗೆ 'ಸೈಕಲ್ ಮುಖ' ಎಂಬ ರೋಗ ಬರುತ್ತದೆಂದು ಹೆದರಿಸಿದ್ದರು. ಮುಖ ಬಿಗಿದು, ಕಣ್ಣು ಊದಿಕೊಂಡು ಚೆಲುವು ಹಾಳಾಗುತ್ತದಂತೆ! ಚೆಲುವಿನ ಬೆದರಿಕೆ ಹಾಕಿದರೆ ಹೆಣ್ಣು ಮನೆಯಲ್ಲಿರುತ್ತಾಳೆ ಎಂಬ ಲೆಕ್ಕ ಅವರಿಗೂ ಗೊತ್ತಿತ್ತು.

1924ರಲ್ಲಿ ಇಟಲಿಯ ಅಲ್ಫೋನ್ಸಿನಾ ಸ್ತ್ರಾದಾ ಎಂಬಾಕೆ ಗಂಡಸರ ಜೊತೆಗೆ 'ಜಿರೋ ದಿತಾಲಿಯಾ' ಸ್ಪರ್ಧೆಗೆ ಇಳಿದಳು. ಬೆಟ್ಟ, ಮಳೆ, ಕೆಸರಿನ ನಡುವೆ ಮೂರೂವರೆ ಸಾವಿರ ಕಿಲೋಮೀಟರಿಗೂ ಹೆಚ್ಚಿನ ದಾರಿ. ನಡುವೆ ಹ್ಯಾಂಡಲ್ ಮುರಿದಾಗ ಪೊರಕೆಯ ಕೋಲು ಕಟ್ಟಿಕೊಂಡು ಮುಂದೆ ಹೋದಳಂತೆ. ಸಮಯ ಮೀರಿತೆಂದು ಲೆಕ್ಕದಿಂದ ಕೈಬಿಟ್ಟರೂ ಅವಳು ತುಳಿಯುವುದನ್ನು ಬಿಡದೆ ಕೊನೆ ಮುಟ್ಟಿದಳು. ಪೊರಕೆಯ ಕೋಲಿಗೆ ಅಂಥ ಉಪಯೋಗವೂ ಉಂಟೆಂದು ನಮಗೆ ಯಾರೂ ಕಲಿಸಲಿಲ್ಲ. ಒಲಿಂಪಿಕ್ಸಿನಲ್ಲಿ ಗಂಡಸರ ಸೈಕಲ್ ಪಂದ್ಯ 1896ರಲ್ಲೇ ಇತ್ತು, ಹೆಂಗಸರಿಗೆ ಬಾಗಿಲು ತೆರೆದದ್ದು 1984ರಲ್ಲಿ. ಬೆಟ್ಟದ ಸೈಕಲ್ಲಿನ ಪಂದ್ಯ ಮಾತ್ರ 1996ರಲ್ಲಿ ಬಂದಾಗಲೇ ಇಬ್ಬರಿಗೂ ಒಟ್ಟಿಗೆ ಬಂತು.

ಅಷ್ಟು ದೂರ ಏಕೆ? ಪಕ್ಕದ ತಮಿಳುನಾಡಿನ ಪುದುಕ್ಕೋಟ್ಟೈಯಲ್ಲಿ 1990ರ ದಶಕದ ಆರಂಭದಲ್ಲಿ ಸಾಕ್ಷರತಾ ಆಂದೋಲನದ ಜೊತೆಗೆ ಹೆಂಗಸರು ಸಾವಿರ ಸಾವಿರ ಸಂಖ್ಯೆಯಲ್ಲಿ ಸೈಕಲ್ ಕಲಿತರು. ಅಕ್ಷರ ಕಲಿಸುವುದರ ಭಾಗವಾಗಿಯೇ ಸೈಕಲ್ ಕಲಿಸಬೇಕೆಂದು ಹೊರಟವರು ಅಲ್ಲಿನ ಜಿಲ್ಲಾಧಿಕಾರಿ ಶೀಲಾ ರಾಣಿ ಚುಂಕತ್. ಕೂಲಿಯವರು, ಕ್ವಾರಿಯಲ್ಲಿ ಕಲ್ಲು ಒಡೆಯುವವರು, ಅಂಗನವಾಡಿಯವರು ಕಲಿತರು. ಲೇಡೀಸ್ ಸೈಕಲ್ ಸಾಲದೆ ಹೋದಾಗ ಗಂಡಸರ ಸೈಕಲ್ಲನ್ನೇ ತುಳಿದರು. ಮುಂದಿನ ಅಡ್ಡಪಟ್ಟಿಯ ಮೇಲೆ ಮಗುವನ್ನು ಕೂರಿಸಲು ಅದೇ ಅನುಕೂಲವೆಂದು ಕಂಡುಕೊಂಡರು. ಜನ ಆಡಿಕೊಳ್ಳಲಿಲ್ಲವೇ? ಆಡಿಕೊಂಡರು. ಅವರು ತುಳಿದರು.

ನಮ್ಮ ಪ್ರಯಾಣದ ಬಗ್ಗೆ ಹೆಚ್ಚು ಹೇಳುವುದಿಲ್ಲ, ಅದು ಕಾಲಿಗೆ ತಿಳಿದಷ್ಟು ಬಾಯಿಗೆ ತಿಳಿಯದು. ತೀರ್ಥಹಳ್ಳಿಯಿಂದ ಆಗುಂಬೆಗೆ ಮೂವತ್ತಕ್ಕೂ ಮಿಕ್ಕ ಕಿಲೋಮೀಟರು, ಏರು ಇಳಿತ, ಏರು ಇಳಿತ. ಏರಿನಲ್ಲಿ ಮುಂದೆ ಸಣ್ಣ ಹಲ್ಲುಚಕ್ರ, ಹಿಂದೆ ದೊಡ್ಡದು ಹಾಕಿಕೊಂಡರೆ ಮೊಣಕಾಲು ಬದುಕುತ್ತದೆ, ನಡೆಯುವವರು ನಮ್ಮನ್ನು ಹಿಂದೆ ಹಾಕುತ್ತಾರೆ, ಅಷ್ಟೇ. ಬಸ್ಸಿನಲ್ಲಿ ಎಷ್ಟೋ ಸಲ ಹೋದ ದಾರಿ. ಆದರೆ ಮಂಗಟ್ಟೆ ಹಕ್ಕಿ ರೆಕ್ಕೆ ಬಡಿಯುವ ಸದ್ದು ನಾನು ಕೇಳಿದ್ದು ಅಂದೇ ಮೊದಲು. ಮಾರನೆಯ ಬೆಳಿಗ್ಗೆ ಘಾಟಿ ಇಳಿಯುವಾಗ ಸೋಮೇಶ್ವರದ ಕಾಡು ಇಬ್ಬನಿಯಲ್ಲಿ ತೊಟ್ಟಿಕ್ಕುತ್ತಿತ್ತು. ಮೂವರು ಹುಡುಗಿಯರು ಒಬ್ಬರ ಹಿಂದೆ ಒಬ್ಬರು ಅಂತರ ಬಿಟ್ಟು ಇಳಿದರು, ಪ್ರತಿ ತಿರುವಿನ ಕೆಳಗೆ ನಿಂತು ಹಿಂದಿನವಳಿಗೆ ಕೈಬೀಸಿದರು. ಒಬ್ಬ ಕಾರಿನವನು ಗಾಜು ಇಳಿಸಿ ಏನೋ ಕೂಗಿದ. ನರ್ಸ್ ಆಗಿರುವವಳು "ರಸ್ತೆ ನೋಡಿ ಓಡಿಸಿ ಅಣ್ಣಾ" ಎಂದಳು. ಅವನು ಗಾಜು ಏರಿಸಿದ.

ಊರಿಗೆ ಮರಳಿದ ಮೇಲೆ ಬೈದವರಲ್ಲಿ ಗಂಡಸರು ಕಡಿಮೆ, ನಮ್ಮವರೇ ಹೆಚ್ಚು. "ಟೀಚರಾಗಿ ನೀವೇ ಹೀಗೆ ಮಾಡಿದರೆ?" ಎಂದರು. ಟೀಚರಾದ್ದರಿಂದಲೇ ಮಾಡಿದೆ. ನಕ್ಷೆಯಲ್ಲಿ ಪಶ್ಚಿಮ ಘಟ್ಟ ತೋರಿಸೆಂದು ಕೇಳಿ ಹುಡುಗಿಗೆ ಅಂಕ ಕೊಡುತ್ತೇವೆ. ಅದೇ ಘಟ್ಟವನ್ನು ತನ್ನ ಕಾಲಿನಿಂದ ನೋಡಿ ಬಂದರೆ ಮಾನ ಹೋಯಿತು ಎನ್ನುತ್ತೇವೆ. ಹೆಣ್ಣು ನೋಡಲು ಬಂದವರು ಸೈಕಲ್ಲಿನ ಸುದ್ದಿ ಕೇಳಿ ಎದ್ದುಹೋಗುವುದಾದರೆ ಕಾಫಿ ಲೋಟ ತೊಳೆಯುವ ಮೊದಲೇ ಹೋಗಲಿ. ಆ ಮನೆಯಲ್ಲಿ ಇವಳು ನಲವತ್ತು ವರ್ಷ ಬಾಳುವುದನ್ನು ತಪ್ಪಿಸಿದ ಪುಣ್ಯ ಆ ಸೈಕಲ್ಲಿಗೇ ಸಲ್ಲುತ್ತದೆ.

ಬರುವ ಡಿಸೆಂಬರಿನಲ್ಲಿ ಕೊಪ್ಪ, ಶೃಂಗೇರಿಯ ದಾರಿ ಹಿಡಿಯುತ್ತೇವೆ. ಹಿಂದುಳಿದ ಹುಡುಗಿಗೆ ಮದುವೆ ಇನ್ನೂ ಗೊತ್ತಾಗಿಲ್ಲ. ಸೋದರಮಾವನ ಮಾತು ಕೇಳಿ ಮನೆಯಲ್ಲಿ ಉಳಿದದ್ದರಿಂದ ಅವಳಿಗೆ ಯಾವ ವರನೂ ಬೇಗ ಸಿಗಲಿಲ್ಲ. ಅವಳ ತಾಯಿಗೆ ಈಗಿನಿಂದಲೇ ಹೇಳಿಟ್ಟಿದ್ದೇನೆ. "ಅವಳ ಅಪ್ಪನನ್ನು ಕೇಳಿ ಹೇಳುತ್ತೇನೆ" ಎಂದಿದ್ದಾರೆ. ಸೈಕಲ್ಲಿನ ಚೈನಿಗೆ ಎಣ್ಣೆ ಹಾಕಿಡಲು ಹುಡುಗಿಗೆ ಹೇಳಿದ್ದೇನೆ.