ಗಾಳಿ, ನೀರು ಮತ್ತು ಮನಸ್ಸಿನ ಮಾತು

ನಮ್ಮ ಭಾಗದ ಮನೆಗಳ ಪಡಸಾಲೆಯಲ್ಲಿ ಮೊದಲು ಇರುತ್ತಿದ್ದುದು ಹಿರಿಯರ ಭಾವಚಿತ್ರ, ಒಂದು ಕ್ಯಾಲೆಂಡರು, ಬಹಳವೆಂದರೆ ಮದುವೆಯಲ್ಲಿ ಬಂದ ಗೋಡೆ ಗಡಿಯಾರ. ಇತ್ತೀಚೆಗೆ ಅವುಗಳ ಜೊತೆಗೆ ಹೊಸ ಅತಿಥಿಗಳು ಬಂದು ಕುಳಿತಿದ್ದಾರೆ. ಹೊಟ್ಟೆಯ ಮೇಲೆ ಕೈಯಿಟ್ಟು ನಗುವ ಬುದ್ಧ, ಬಾಯಲ್ಲಿ ನಾಣ್ಯ ಕಚ್ಚಿಕೊಂಡ ಮೂರು ಕಾಲಿನ ಕಪ್ಪೆ, ಗಾಜಿನ ಪಾತ್ರೆಯ ನೀರಿನಲ್ಲಿ ನಿಂತ ‘ಅದೃಷ್ಟದ ಬಿದಿರು’. ಗೃಹಪ್ರವೇಶಕ್ಕೆ ಕರೆದವರ ಮನೆಯಲ್ಲೆಲ್ಲ ಇವುಗಳ ದರ್ಶನ ತಪ್ಪುವುದಿಲ್ಲ. ಕನ್ನಡಿಯ ಮೇಲೆ ಒಂದು ಚೀಟಿಯೂ ಇರುತ್ತದೆ. ‘ನಾನು ಯಶಸ್ವಿ, ನಾನು ಶ್ರೀಮಂತ’ ಎಂದು ದಿನವೂ ಬೆಳಿಗ್ಗೆ ಹನ್ನೊಂದು ಸಲ ಹೇಳಿಕೊಳ್ಳಬೇಕಂತೆ. ಸಮಾಜ ವಿಜ್ಞಾನ ಕಲಿಸಿದವನಿಗೆ ಇಂಥದ್ದನ್ನು ಕಂಡು ಸುಮ್ಮನೆ ಚಹಾ ಕುಡಿದು ಬರುವುದು ಕಷ್ಟ.

ಮೊದಲು ಆ ಅತಿಥಿಗಳ ಪರಿಚಯ ಮಾಡಿಕೊಳ್ಳೋಣ. ನಗುವ ಬುದ್ಧನೆಂದು ನಾವು ಕರೆಯುವವನು ಗೌತಮ ಬುದ್ಧನಲ್ಲ. ಹತ್ತನೆಯ ಶತಮಾನದಲ್ಲಿದ್ದನೆಂದು ಚೀನಾದ ಐತಿಹ್ಯಗಳು ಹೇಳುವ ಬುದಾಯಿ ಎಂಬ ಅಲೆಮಾರಿ ಸಂನ್ಯಾಸಿ ಅವನು, ಹೆಗಲಿಗೊಂದು ಬಟ್ಟೆಯ ಚೀಲ ಬಿಟ್ಟರೆ ಅವನ ಬಳಿ ಏನೂ ಇರಲಿಲ್ಲ. ಏನೂ ಇಲ್ಲದವನನ್ನು ನಾವು ಸಂಪತ್ತು ತರಲೆಂದು ಕೂರಿಸಿದ್ದೇವೆ! ಇನ್ನು ಆ ಬಿದಿರು ಬಿದಿರೇ ಅಲ್ಲ. ಅದು ಮಧ್ಯ ಆಫ್ರಿಕಾ ಮೂಲದ ಡ್ರಸೀನಾ ಜಾತಿಯ ಗಿಡ. ಗಿಡವಾಗಿ ಚೆಂದವಿದೆ, ಇರಲಿ.

ಫೆಂಗ್ ಶುಯಿ ಎಂಬ ಎರಡು ಪದಗಳ ಅರ್ಥ ಗಾಳಿ ಮತ್ತು ನೀರು. ಇದು ಮೊದಮೊದಲು ಹೆಚ್ಚಾಗಿ ಸತ್ತವರನ್ನು ಹೂಳುವ ಜಾಗವನ್ನು ಆರಿಸುವ ವಿದ್ಯೆಯಾಗಿತ್ತು. ಮೂರು-ನಾಲ್ಕನೆಯ ಶತಮಾನಗಳಲ್ಲಿದ್ದ ಗುವೊ ಪು ಎಂಬ ವಿದ್ವಾಂಸನ ಹೆಸರಿನಲ್ಲಿ ಪ್ರಚಲಿತವಾಗಿರುವ ಗ್ರಂಥವೂ ಸಮಾಧಿಗಳನ್ನು ಕುರಿತದ್ದೇ. ಮುಂದೆ ಅದು ಬದುಕಿದವರ ಮನೆಗೂ ಬಂದಿತು. ಬೆನ್ನಿಗೆ ಬೆಟ್ಟ, ಮುಂದೆ ನೀರು, ಮನೆಯ ಮುಖ ದಕ್ಷಿಣಕ್ಕೆ ಎಂಬುದು ಅದರ ತಿರುಳು. ಬೀಜಿಂಗ್ ನಗರ ಸುಮಾರು 40 ಡಿಗ್ರಿ ಉತ್ತರ ಅಕ್ಷಾಂಶದಲ್ಲಿದೆ. ಅಲ್ಲಿ ಚಳಿಗಾಲದ ಸೂರ್ಯ ದಕ್ಷಿಣದಲ್ಲಿ ತಗ್ಗಿನಲ್ಲಿ ಸಾಗುತ್ತಾನೆ, ಉತ್ತರದಿಂದ ಮಂಗೋಲಿಯಾ-ಸೈಬೀರಿಯಾದ ಕೊರೆಯುವ ಗಾಳಿ ಬೀಸುತ್ತದೆ. ದಕ್ಷಿಣಕ್ಕೆ ಬಾಗಿಲಿಟ್ಟರೆ ಬಿಸಿಲು ಒಳಗೆ ಬರುತ್ತದೆ, ಬೆನ್ನಿಗೆ ಬೆಟ್ಟವಿದ್ದರೆ ಗಾಳಿ ತಡೆಯುತ್ತದೆ. ಆ ಊರಿಗೆ ಅದು ಬುದ್ಧಿವಂತರ ಮಾತೇ ಸರಿ.

ಏಕಸಂಬಿ ಇರುವುದು ಸುಮಾರು ಹದಿನಾರೂವರೆ ಡಿಗ್ರಿಯಲ್ಲಿ. ಮೇ ಮೊದಲ ವಾರದಲ್ಲೊಮ್ಮೆ, ಆಗಸ್ಟ್ ಮೊದಲ ವಾರದಲ್ಲೊಮ್ಮೆ ಮಧ್ಯಾಹ್ನದ ಸೂರ್ಯ ನಮ್ಮ ನೆತ್ತಿಯ ಮೇಲೆಯೇ ನಿಲ್ಲುತ್ತಾನೆ. ನೆಟ್ಟಗೆ ನಿಲ್ಲಿಸಿದ ಕೋಲಿಗೆ ಆ ಹೊತ್ತು ನೆರಳೇ ಇರುವುದಿಲ್ಲ. ಆ ಎರಡು ದಿನಗಳ ನಡುವಿನ ಕಾಲದಲ್ಲಿ ಸೂರ್ಯ ನಮಗೆ ಉತ್ತರಕ್ಕೇ ಇರುತ್ತಾನೆ. ಭೂಗೋಳ ಓದಿದ ನನ್ನ ವಿದ್ಯಾರ್ಥಿಗಳಿಗೆ ಇದು ಮರೆತಿರಲಾರದು. ನಮ್ಮ ಕಷ್ಟ ಚಳಿಯದಲ್ಲ, ಏಪ್ರಿಲ್ ಬಿಸಿಲಿನದು ಮತ್ತು ಪಶ್ಚಿಮದಿಂದ ಹೊಡೆಯುವ ಮಳೆಯದು. ಬೀಜಿಂಗಿನ ಬಾಗಿಲನ್ನು ಇಲ್ಲಿಗೆ ತಂದು ಕೂರಿಸಿದರೆ ಏನು ಪ್ರಯೋಜನ?

ಇದಕ್ಕಿಂತ ಸ್ವಾರಸ್ಯದ ಸಂಗತಿ ಇನ್ನೊಂದಿದೆ. ಚೀನೀಯರಿಗೆ ಶುಭವಾದ ಆ ದಕ್ಷಿಣವೇ ನಮ್ಮ ವಾಸ್ತು ಹೇಳುವವರ ಬಾಯಲ್ಲಿ ಯಮನ ದಿಕ್ಕು. ಒಂದೇ ಅಂಗಡಿಯಲ್ಲಿ ಎರಡನ್ನೂ ಮಾರುತ್ತಾರೆ, ಒಂದೇ ಮನೆಯಲ್ಲಿ ಎರಡನ್ನೂ ಪಾಲಿಸುತ್ತಾರೆ. ಎರಡೂ ವಿಶ್ವದ ನಿಯಮಗಳಾಗಿದ್ದರೆ ಹೀಗೆ ಎದುರುಬದುರಾಗಿ ನಿಲ್ಲುತ್ತಿದ್ದವೇ? ನಮ್ಮ ವಾಸ್ತುವಿಗೆ ದೊಡ್ಡ ಪರಂಪರೆಯಿದೆ ಎಂಬುದನ್ನು ನಾನು ಅಲ್ಲಗಳೆಯುವುದಿಲ್ಲ. ಆರನೆಯ ಶತಮಾನದ ವರಾಹಮಿಹಿರನ ‘ಬೃಹತ್ಸಂಹಿತೆ’ಯಲ್ಲಿ ಅದಕ್ಕೊಂದು ಅಧ್ಯಾಯವಿದೆ. ‘ಮಯಮತ’, ‘ಮಾನಸಾರ’ಗಳು ಶಿಲ್ಪಿಗಳಿಗೂ ಕಟ್ಟುವವರಿಗೂ ಕೈಪಿಡಿಗಳಾಗಿದ್ದವು. ಮಣ್ಣಿನ ಪರೀಕ್ಷೆ, ಅಳತೆ, ಪ್ರಮಾಣ ಇವೆಲ್ಲ ಅವುಗಳಲ್ಲಿವೆ. ಟಿ.ವಿ.ಯಲ್ಲಿ ಬಂದ ವಾಸ್ತುವಾದರೋ ಇವನ್ನೆಲ್ಲ ಬಿಟ್ಟು ಭಯವೊಂದನ್ನೇ ಹಿಡಿದುಕೊಂಡಿತು.

‘ಸರಳ ವಾಸ್ತು’ ನಮ್ಮ ಉತ್ತರ ಕರ್ನಾಟಕದ ಮನೆಮನೆಗೆ ತಿಳಿದ ಹೆಸರು. ಅದನ್ನು ಪ್ರಚಾರಕ್ಕೆ ತಂದ ಬಾಗಲಕೋಟೆಯ ಚಂದ್ರಶೇಖರ ಗುರೂಜಿಯವರು 2022ರ ಜುಲೈ 5ರಂದು ಹುಬ್ಬಳ್ಳಿಯ ಹೋಟೆಲೊಂದರಲ್ಲಿ ಕೊಲೆಯಾದರು. ‘ತಮ್ಮ ವಾಸ್ತು ತಮ್ಮನ್ನೇ ಕಾಯಲಿಲ್ಲ’ ಎಂದು ಆಗ ಅನೇಕರು ನಗೆಯಾಡಿದ್ದನ್ನು ಕೇಳಿದ್ದೇನೆ. ಅದು ಹೀನವಾದ ಮಾತು. ಒಬ್ಬ ಮನುಷ್ಯನ ಸಾವು ಯಾವ ವಾದಕ್ಕೂ ಪುರಾವೆಯಲ್ಲ. ಮನೆಯ ಬಾಗಿಲಿನಿಂದ ಕೆಡುಕಾಗುತ್ತದೆ ಎನ್ನುವವರ ತರ್ಕವೂ ಅದೇ ಜಾತಿಯದು.

ನನ್ನ ಹಳೆಯ ವಿದ್ಯಾರ್ಥಿಯೊಬ್ಬ ದೂಧಗಂಗೆಯ ದಂಡೆಯ ಕಬ್ಬಿನ ರೈತ. ಹೆಸರು, ಊರು ಬೇಡ. 2019ರ ಮಹಾಪೂರದಲ್ಲಿ ಅವನ ಎರಡು ಎಕರೆ ಕಬ್ಬು ನೀರಲ್ಲಿ ನಿಂತು ಕೊಳೆಯಿತು. 2021ರಲ್ಲಿ ಮತ್ತೆ ಅದೇ ಕತೆ. ಅದೇ ವರ್ಷ ಒಂದು ದಿನ ಬಂದು, “ಸರ್, ನಮ್ಮ ಮನಿ ಬಾಗಲಾ ದಕ್ಷಿಣಕ್ಕೈತ್ರಿ, ಅದಕ್ಕ ಹಿಂಗ ಆಗಾಕತ್ತೈತಿ ಅಂತಾರ್ರಿ” ಎಂದ. ಹೇಳಿದವನು ಸಲಹೆಗೆಂದು ಹಣ ಪಡೆದು, ಬಾಗಿಲನ್ನು ಪೂರ್ವಕ್ಕೆ ತಿರುಗಿಸಲು, ಅಡುಗೆಮನೆಯನ್ನು ಒಡೆದು ಬೇರೆಡೆ ಕಟ್ಟಲು ಬರೆದುಕೊಟ್ಟಿದ್ದ. ಗೌಂಡಿಯ ಅಂದಾಜು ಒಂದೂಮುಕ್ಕಾಲು ಲಕ್ಷ. ಆ ಹಣ ಬರಬೇಕಾದುದು ಪತ್ತಿನ ಸೊಸೈಟಿಯ ಸಾಲದಿಂದ. ಆ ವರ್ಷ ಅವನ ಮಗಳು ಪಿ.ಯು. ಮುಗಿಸಿ ನರ್ಸಿಂಗ್ ಸೇರಬೇಕೆಂದಿದ್ದಳು.

ನಾನು ಅವನನ್ನು ಕರೆದುಕೊಂಡು ಅವನ ಓಣಿಗೇ ಹೋದೆ. ಓಣಿ ಪೂರ್ವ-ಪಶ್ಚಿಮವಾಗಿದೆ. ಅದರ ಉತ್ತರದ ಸಾಲಿನ ಎಲ್ಲ ಮನೆಗಳ ಬಾಗಿಲೂ ದಕ್ಷಿಣಕ್ಕೆ, ಎದುರು ಸಾಲಿನ ಎಲ್ಲ ಬಾಗಿಲೂ ಉತ್ತರಕ್ಕೆ. ಬಾಗಿಲ ದಿಕ್ಕು ನಿರ್ಧರಿಸಿದ್ದು ಓಣಿ. ಅವನ ಸಾಲಿನಲ್ಲಿ ಯಾರ ಮನೆಗೆ ನೌಕರಿ ಬಂತು, ಯಾರ ಮನೆ ಒಡೆಯಿತು, ಎದುರು ಸಾಲಿನಲ್ಲಿ ಯಾರು ಸಾಲದಲ್ಲಿದ್ದಾರೆ ಎಂದು ಎಣಿಸಲು ಹೇಳಿದೆ. ಅವನೇ ಬೆರಳು ಮಡಿಚಿ ಎಣಿಸಿದ. ಎರಡು ಸಾಲಿನಲ್ಲೂ ಎಲ್ಲ ಬಗೆಯವರೂ ಇದ್ದರು. ಪೂರ ಬಂದದ್ದು ಅವನ ಹೊಲಕ್ಕೆ, ಹೊಲ ನದಿಯ ತಿರುವಿನ ತಗ್ಗಿನಲ್ಲಿದೆ. ಮೇಲೆ ಮಹಾರಾಷ್ಟ್ರದಲ್ಲಿ ವಿಪರೀತ ಮಳೆಯಾಗಿ ಕಾಳಮ್ಮವಾಡಿ ಅಣೆಕಟ್ಟಿನಿಂದ ನೀರು ಬಿಟ್ಟರೆ, ಕೃಷ್ಣೆಯೂ ತುಂಬಿ ದೂಧಗಂಗೆಯ ನೀರನ್ನು ಒಳಗೆ ಬಿಟ್ಟುಕೊಳ್ಳದಿದ್ದರೆ, ಆ ತಗ್ಗು ತುಂಬಲೇಬೇಕು. ನದಿ ಯಾರ ಬಾಗಿಲ ದಿಕ್ಕನ್ನೂ ಕೇಳುವುದಿಲ್ಲ. ‘ಗಾಳಿ-ನೀರು’ ಎಂಬ ಹೆಸರಿನಲ್ಲಿರುವ ನೀರಿನ ಲೆಕ್ಕ ನಮಗೆ ಬೇಕಾದುದು ಇಲ್ಲಿ. ನಮ್ಮ ಹಿರಿಯರು ಎತ್ತರದ ದಿಬ್ಬ ನೋಡಿ ಊರು ಕಟ್ಟಿದರು, ಮಾಳಿಗೆಗೆ ಬೆಳಕಿಂಡಿ ಬಿಟ್ಟರು, ಮಳೆ ಹೊಡೆಯುವ ಗೋಡೆಗೆ ಕಿಟಕಿ ಇಡಲಿಲ್ಲ. ಅಂಥ ವಾಸ್ತುವಿಗೆ ನಾನು ಕೈಮುಗಿಯುತ್ತೇನೆ.

ಅವನು ಗೋಡೆ ಒಡೆಯಲಿಲ್ಲ. ಮನೆಯವರು ಒಂದಷ್ಟು ದಿನ ಮುನಿಸಿಕೊಂಡರೆಂದು ಕೇಳಿದೆ. 2023ರ ಜೂನ್‌ನಲ್ಲಿ ಮುಖ್ಯಮಂತ್ರಿ ಸಿದ್ದರಾಮಯ್ಯನವರು ವಿಧಾನಸೌಧದ ತಮ್ಮ ಕೊಠಡಿಯಲ್ಲಿ ವಾಸ್ತುದೋಷದ ಹೆಸರಿನಲ್ಲಿ ಮುಚ್ಚಿದ್ದ ಬಾಗಿಲನ್ನು ತೆರೆಸಿದ ಸುದ್ದಿ ಬಂದಾಗ ಅವನೇ ನನಗೆ ಫೋನ್ ಮಾಡಿದ್ದ. ಸರಕಾರಿ ಕಟ್ಟಡದ ಬಾಗಿಲು ಮುಚ್ಚಿದರೂ ತೆರೆದರೂ ಯಾರ ಮಗಳ ಶುಲ್ಕವೂ ನಿಲ್ಲುವುದಿಲ್ಲ. ಬಡವನ ಮನೆಯಲ್ಲಿ ಹಾಗಲ್ಲ.

ಇನ್ನು ತನಗೆ ತಾನೇ ಒಳ್ಳೆಯ ಮಾತು ಹೇಳಿಕೊಳ್ಳುವ ವಿಚಾರ. ಇದನ್ನು ನಾನು ಅಷ್ಟು ಸುಲಭವಾಗಿ ತಳ್ಳಿಹಾಕಲಾರೆ. ಫ್ರಾನ್ಸಿನ ನ್ಯಾನ್ಸಿ ಪಟ್ಟಣದ ಔಷಧಿ ವ್ಯಾಪಾರಿ ಎಮಿಲ್ ಕುಯೆ ಎಂಬವನು ನೂರು ವರ್ಷಗಳ ಹಿಂದೆ, ದಿನೇ ದಿನೇ ತಾನು ಸುಧಾರಿಸುತ್ತಿರುವೆನೆಂಬ ಅರ್ಥದ ಮಾತನ್ನು ಇಪ್ಪತ್ತು ಗಂಟು ಹಾಕಿದ ದಾರ ಹಿಡಿದು ಜಪದಂತೆ ಹೇಳಿಕೊಳ್ಳಲು ಕಲಿಸಿದ. ಇಂದಿನ ಕನ್ನಡಿ ಚೀಟಿಗಳ ಅಜ್ಜ ಅವನೇ. ಆದರೆ 2009ರಲ್ಲಿ ಕೆನಡಾದ ವಾಟರ್‌ಲೂ ವಿಶ್ವವಿದ್ಯಾಲಯದ ಜೋಆನ್ ವುಡ್ ಮತ್ತು ಸಂಗಡಿಗರು ಇದನ್ನು ಪರೀಕ್ಷಿಸಿ ನೋಡಿದರು. ತಾನು ಪ್ರೀತಿಗೆ ಪಾತ್ರ ವ್ಯಕ್ತಿ ಎಂಬ ಮಾತನ್ನು ಮತ್ತೆ ಮತ್ತೆ ಹೇಳಿಕೊಂಡಾಗ, ಮೊದಲೇ ಆತ್ಮವಿಶ್ವಾಸ ಇದ್ದವರಿಗೆ ತುಸು ಹಿತವಾಯಿತು. ಅದು ಕಡಿಮೆಯಿದ್ದವರ ಮನಸ್ಸು ಇನ್ನಷ್ಟು ಕುಗ್ಗಿತು. ಯಾರಿಗೆ ಔಷಧ ಬೇಕಿತ್ತೋ ಅವರಿಗೇ ಅದು ಒಗ್ಗಲಿಲ್ಲ. ಶ್ರೀಮಂತನೆಂದು ಹನ್ನೊಂದು ಸಲ ಹೇಳಿಕೊಂಡ ಸಾಲಗಾರನಿಗೆ ಒಳಗಿನ ಧ್ವನಿ ಹನ್ನೆರಡನೆಯ ಸಲ ಉತ್ತರ ಕೊಡದೆ ಬಿಡುವುದಿಲ್ಲ.

ಹಾಗಾದರೆ ಎಂಥ ಮಾತು ಒಗ್ಗುತ್ತದೆ? ಮಿಷಿಗನ್ ವಿಶ್ವವಿದ್ಯಾಲಯದ ಈಥನ್ ಕ್ರಾಸ್ ಮತ್ತು ಸಂಗಡಿಗರು 2014ರಲ್ಲಿ ಕಂಡುಕೊಂಡದ್ದು ಕುತೂಹಲಕರ. ಕಷ್ಟದ ಗಳಿಗೆಯಲ್ಲಿ ‘ನಾನು’ ಎನ್ನದೆ, ತನ್ನ ಹೆಸರು ಹಿಡಿದು, ಇನ್ನೊಬ್ಬರಿಗೆ ಹೇಳುವಂತೆ ತನಗೆ ಹೇಳಿಕೊಂಡವರ ಗಾಬರಿ ಕಡಿಮೆಯಾಯಿತು. ಓದಿ ನನಗೆ ನಗು ಬಂದಿತು. 1943ರಲ್ಲಿ ಪ್ರಕಟವಾದ ‘ಮಂಕುತಿಮ್ಮನ ಕಗ್ಗ’ದಲ್ಲಿ ಡಿ.ವಿ.ಜಿ.ಯವರು ಪದ್ಯಪದ್ಯಕ್ಕೂ ಮಾಡಿರುವುದು ಮತ್ತೇನು? ನಮ್ಮ ಗಡಿಭಾಗದಲ್ಲಿ ಮರಾಠಿ ಬಲ್ಲ ಹಿರಿಯರಿಗೆ ಸಮರ್ಥ ರಾಮದಾಸರ ‘ಮನಾಚೆ ಶ್ಲೋಕ’ ಬಾಯಿಪಾಠ. ಅದೂ ಮನಸ್ಸನ್ನು ಎದುರಿಗೆ ಕೂರಿಸಿಕೊಂಡು ಆಡಿದ ಮಾತೇ. ಎರಡರಲ್ಲಿಯೂ ಹೊಗಳಿಕೆಗಿಂತ ತಿದ್ದುವಿಕೆ ಹೆಚ್ಚು, ಆ ತಿದ್ದುವಿಕೆಯಲ್ಲಿ ಅಕ್ಕರೆಯೂ ಇದೆ.

ಬಿ.ಎಡ್. ಓದುವಾಗ ರಷ್ಯಾದ ಮನೋವಿಜ್ಞಾನಿ ವೈಗೋಟ್‌ಸ್ಕಿಯ ಒಂದು ವಿಚಾರ ನನ್ನ ಮನಸ್ಸಿನಲ್ಲಿ ಉಳಿಯಿತು. ಮಗು ಮೊದಲು ಹಿರಿಯರ ಮಾತು ಕೇಳುತ್ತದೆ, ಅನಂತರ ಆಟವಾಡುತ್ತ ಅದೇ ಮಾತನ್ನು ಗಟ್ಟಿಯಾಗಿ ತನಗೆ ಹೇಳಿಕೊಳ್ಳುತ್ತದೆ, ಕೊನೆಗೆ ಆ ಮಾತು ಒಳಗಿಳಿದು ಮೌನದ ಮಾತಾಗುತ್ತದೆ. ಅಂದರೆ ನಮ್ಮ ಮಕ್ಕಳ ತಲೆಯೊಳಗೆ ಇಂದು ಮಾತನಾಡುತ್ತಿರುವುದು ನಾವೇ. ‘ಆ ಶೆಟ್ಟರ ಹುಡುಗನ್ನ ನೋಡಿ ಕಲಿ’ ಎಂದು ಹತ್ತು ವರ್ಷ ಹೇಳಿ, ಹತ್ತನೆಯ ತರಗತಿಯಲ್ಲಿ ‘ನಾನು ಬುದ್ಧಿವಂತೆ’ ಎಂಬ ಚೀಟಿ ಅಂಟಿಸಿದರೆ ಆ ಚೀಟಿ ಗೆಲ್ಲುವುದೇ? ಇನ್ನು, ಊಟ ನಿದ್ದೆ ಬಿಟ್ಟು ಮೂಲೆ ಹಿಡಿದ ಹುಡುಗನಿಗೆ ‘ಪಾಸಿಟಿವ್ ಆಗಿ ಯೋಚಿಸು’ ಎನ್ನುವುದು ಜ್ವರ ಬಂದವನಿಗೆ ತಣ್ಣಗಿರು ಎಂದಂತೆ. ಅವನಿಗೆ ಬೇಕಾದುದು ವೈದ್ಯರು. 2022ರಿಂದ ಸರಕಾರದ ಟೆಲಿ-ಮಾನಸ್ ಸಹಾಯವಾಣಿಯೂ ಇದೆ, ಸಂಖ್ಯೆ 14416, ಕನ್ನಡದಲ್ಲೂ ಮಾತನಾಡಬಹುದು. ಗುರುತು ಹಾಕಿಟ್ಟುಕೊಳ್ಳಿರಿ.

ಕಳೆದ ವಾರ ಸೊಲ್ಲಾಪುರದಿಂದ ನನ್ನ ತಂಗಿಯ ಮಗಳು ಕೇಳಿದಳು, “ಮಾಮಾ, ಹುಡುಗನ ಓದೋ ಟೇಬಲ್ ಯಾವ ದಿಕ್ಕಿಗಿಡಲಿ?” ಕಿಟಕಿ ಎಡಗಡೆಗೆ ಬರುವಂತೆ ಇಡು ಎಂದೆ, ಬರೆಯುವ ಬಲಗೈಯ ನೆರಳು ಅಕ್ಷರದ ಮೇಲೆ ಬೀಳಬಾರದು. ಅವನು ಎಡಚನೆಂದು ಆಮೇಲೆ ಹೇಳಿದಳು. ಹಾಗಾದರೆ ಕಿಟಕಿ ಬಲಕ್ಕಿರಲಿ, ಮೇಜಿನ ಮೇಲಿನ ಆ ಕಪ್ಪೆಯನ್ನು ತೆಗೆದು ಅಲ್ಲಿ ಒಂದು ತಂಬಿಗೆ ನೀರಿಡು ಎಂದೆ.